ಇಪ್ಪತ್ತೆರಡು ನಿಮಿಷ ಯಾರದ್ದೂ ಅಲ್ಲದ ಕಾರು

ವಿಮಲರತ್ನನ ಮನೆಯಲ್ಲಿ ಕಾರಿತ್ತು. ಹಾಗಾಗಿ ಅವನು ಎಲ್ಲಿಗೆ ಹೋಗಬೇಕಾದರೂ ಬಸ್ಸಿನಲ್ಲೇ ಹೋಗುತ್ತಿದ್ದ.

ಇದರಲ್ಲಿ ಹುಚ್ಚೇನೂ ಇಲ್ಲ, ಶುದ್ಧ ಲೆಕ್ಕಾಚಾರ ಎಂದು ಅವನು ಪಾನದುರೆಯ ಅರ್ಧ ಊರಿಗೆ ವಿವರಿಸಿ ಹೇಳಿದ್ದ. ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರಾಗಿ ನಿವೃತ್ತನಾದಾಗ, ಕೈಗೆ ಬಂದ ಗಂಟಿನಲ್ಲಿ ಒಂಬತ್ತು ಲಕ್ಷ ಕೊಟ್ಟು, ನಾಲ್ಕು ಕೈ ದಾಟಿ ಬಂದ ಒಂದು ಬಿಳಿ ಜಪಾನಿ ಕಾರು ಕೊಂಡ. ಕೊಂಡು ಎರಡು ತಿಂಗಳಾಗಿರಲಿಲ್ಲ, ಸರ್ಕಾರ ಹೊರದೇಶದಿಂದ ಕಾರು ತರಿಸುವುದನ್ನೇ ನಿಲ್ಲಿಸಿಬಿಟ್ಟಿತು. ಲಂಕೆಯಲ್ಲಿ ಇದ್ದಷ್ಟೇ ಕಾರು, ಮುಂದೆ ಒಂದೂ ಇಲ್ಲ. ನಿಂತಲ್ಲೇ ನಿಂತಿದ್ದ ಹಳೇ ಕಾರು ಹನ್ನೆರಡು ಲಕ್ಷವಾಯಿತು, ಹದಿನೆಂಟಾಯಿತು, ಇಪ್ಪತ್ತೈದಾಯಿತು. ಓಡಿಸಿದರೆ ಕಿಲೋಮೀಟರು ಏರುತ್ತದೆ, ಕಿಲೋಮೀಟರು ಏರಿದರೆ ಬೆಲೆ ಇಳಿಯುತ್ತದೆ. ಆದ್ದರಿಂದ ಓಡಿಸಬಾರದು. ಮದುವೆಗೂ ಬಸ್ಸು, ಸಾವಿಗೂ ಬಸ್ಸು, ಒಮ್ಮೆ ಸೊಂಟ ಹಿಡಿದು ಆಸ್ಪತ್ರೆಗೆ ಹೋದಾಗಲೂ ಬಸ್ಸೇ.

"ಮಹತ್ತಯ, ಕಾರು ಹೇಗಿದೆ?" ಎಂದು ಕಂಡಕ್ಟರು ದಿನವೂ ಕೇಳುತ್ತಿದ್ದ. ಮಹತ್ತಯ ಎಂದರೆ ಅಲ್ಲಿ ಯಜಮಾನರೇ ಎಂದ ಹಾಗೆ.

"ಚೆನ್ನಾಗಿದೆ ತಮ್ಮಾ, ಮಲಗಿದೆ."

"ಹಾಗಾದ್ರೆ ಸ್ವಲ್ಪ ಒಳಗೆ ಸರೀರಿ, ಕಾರಿಲ್ಲದವರೂ ಹತ್ಬೇಕಲ್ಲ!"

ಕಾರು ಮಲಗಿದ್ದು ಮನೆಯ ಮುಂದೆ ಚಾಚಿದ ಮಾಡಿನಡಿ. ತೊಂದರೆ ಇದ್ದದ್ದೇ ಅಲ್ಲಿ. ಆ ಮಾಡು ನೇರ ಬಸ್ ನಿಲ್ದಾಣಕ್ಕೆ ಮುಖ ಮಾಡಿತ್ತು, ಮತ್ತು ಅವನ ಹೆಂಡತಿ ಯಸವತಿ ಆಪ್ಪ ಮಾಡುತ್ತಿದ್ದಳು. ಅಕ್ಕಿಹಿಟ್ಟಿಗೆ ತೆಂಗಿನಹಾಲು ಸೇರಿಸಿ, ಪುಟ್ಟ ಬಾಣಲೆಯಲ್ಲಿ ಒಂದು ಸುತ್ತು ತಿರುಗಿಸಿದಳೆಂದರೆ ಅಂಚು ಗರಿಗರಿ, ನಡುವೆ ಮೆತ್ತಗೆ, ಬಟ್ಟಲಿನಂತೆ ಎದ್ದು ಬರುತ್ತಿತ್ತು. ಹೀಗೆ ಆರು ವರ್ಷದಿಂದ ಹಿತ್ತಿಲ ಬಾಗಿಲಲ್ಲಿ ಕೂತು ಮಾರುತ್ತಿದ್ದಳು. ಗಿರಾಕಿಗಳು ಓಣಿ ಸುತ್ತಿ, ಚರಂಡಿ ದಾಟಿ, ಪಕ್ಕದ ಮನೆಯ ನಾಯಿಗೆ ಸಮಾಧಾನ ಹೇಳಿ ಬರಬೇಕಿತ್ತು. ನಾಯಿಯ ಭಯವಿಲ್ಲದವರು ಬರುತ್ತಿದ್ದರು. ಅಂಥವರು ಊರಲ್ಲಿ ಏಳೆಂಟು ಜನ.

"ಕಾರು ಮಾರಿದ ದಿನವೇ ಮಾಡು ನಿಂದು," ಎಂದು ವಿಮಲರತ್ನ ಮಾತು ಕೊಟ್ಟಿದ್ದ. ಕೊಟ್ಟು ಆರು ವರ್ಷವಾಗಿತ್ತು.

ಮಾರಬಾರದೆಂದೇನೂ ಅವನಿಗೆ ಇರಲಿಲ್ಲ. ಹದಿನೆಂಟು ಲಕ್ಷಕ್ಕೆ ಒಬ್ಬ ಬಂದ, ಕೊಡಲಿಲ್ಲ. ಮರುತಿಂಗಳೇ ಇಪ್ಪತ್ತೆರಡಾಯಿತು. ಆ ದಿನ ಅವನು ಗೆದ್ದ ಸೇನಾಪತಿಯಂತೆ ಓಣಿಯಲ್ಲಿ ಮೇಲೆ ಕೆಳಗೆ ಮೂರು ಸಲ ಓಡಾಡಿದ. ಇಪ್ಪತ್ತೆರಡಕ್ಕೆ ಇನ್ನೊಬ್ಬ ಬಂದ, ಕೊಡಲಿಲ್ಲ. ಅದು ಇಪ್ಪತ್ತಾರಾಯಿತು. ಹೀಗೆ ಮಾರದೇ ಇದ್ದು ಇದ್ದು ಅವನು ಬಹಳ ಲಾಭ ಮಾಡಿದ, ಆ ಲಾಭದಲ್ಲಿ ಒಂದು ಬನ್ನು ಕೊಳ್ಳಲಿಕ್ಕೂ ಬರುತ್ತಿರಲಿಲ್ಲ ಅಷ್ಟೇ. ಮೂವತ್ತನಾಲ್ಕು ವರ್ಷ ಹಸಿರು ಬಾವುಟ ಹಿಡಿದು ನಿಂತವನು, ಗಳಿಗೆಗೆ ಮುಂಚೆ ಒಂದು ರೈಲನ್ನೂ ಬಿಟ್ಟವನಲ್ಲ. ಕಾರಿನ ವಿಷಯದಲ್ಲೂ ಬಾವುಟ ಕೈಯಲ್ಲೇ ಇತ್ತು, ಬೀಸುವ ಧೈರ್ಯ ಮಾತ್ರ ಬರುತ್ತಿರಲಿಲ್ಲ. ಇಂದು ಮಾರಿ, ನಾಳೆ ಬೆಲೆ ಏರಿ, ನಾಡಿದ್ದು ಕಂಡಕ್ಟರು ನಕ್ಕರೆ? ನಿಜ ಹೇಳಬೇಕೆಂದರೆ ಅವನ ಹೆದರಿಕೆ ಇಷ್ಟೇ.

ಬೆಳಗಾದರೆ ಉಪ್ಪುಗಾಳಿಗೆ ತುಕ್ಕು ಹಿಡಿದೀತೆಂದು ಕಾರನ್ನು ತಾನು ಉಡುವ ಲುಂಗಿಯಂಥ ಹಳೇ ಸರೋಂಗಿನಿಂದ ಒರೆಸುತ್ತಿದ್ದ. ಸಂಜೆ ಒಳಗೆ ಕೂತು ಪತ್ರಿಕೆ ಓದುತ್ತಿದ್ದ. ಯಸವತಿ ಚಹಾ ತಂದು ಗಾಜು ತಟ್ಟುತ್ತಿದ್ದಳು.

"ರೀ, ನಂಗೆ ಅರವತ್ತೊಂದಾಯ್ತು. ಈ ಮಣಿಕಟ್ಟು ಇನ್ನೆಷ್ಟು ವರ್ಷ ಬಾಣಲೆ ತಿರುಗ್ಸುತ್ತೆ ಹೇಳಿ. ನಾನೂ ಒಂದ್ಸಲ ರಸ್ತೆಗೆ ಮುಖ ಮಾಡಿ ಒಲೆ ಹಚ್ಬೇಕು. ಸಾಯೋದ್ರೊಳಗೆ."

"ಇನ್ನೊಂದು ತಿಂಗ್ಳು ಯಸೋ. ಡಾಲರ್ ಏರ್ತಾ ಇದೆ."

"ಡಾಲರ್ ಏರುತ್ತೆ, ಕಾರು ಏರುತ್ತೆ, ನನ್ನ ವಯಸ್ಸೂ ಏರುತ್ತೆ. ಇಳಿಯದೇ ಇರೋದು ಒಂದೇ, ನೀವು, ಆ ಸೀಟಿಂದ."

ಕೊನೆಗೂ ಅವನನ್ನು ಸೀಟಿನಿಂದ ಇಳಿಸಿದ್ದು ಪಕ್ಕದ ಮನೆಯ ತಿಲಕ. ತ್ರೀವೀಲರ್ ಓಡಿಸುವ ತಿಲಕನಿಗೆ ಊರಿನ ಸುದ್ದಿಯೆಲ್ಲ ಹಿಂದಿನ ಸೀಟಿನಿಂದ ಸಿಗುತ್ತಿತ್ತು. ಒಂದು ದಿನ ಬಂದವನು ಕಣ್ಣರಳಿಸಿ ಹೇಳಿದ: "ಮಹತ್ತಯ, ಮತ್ತೆ ಕಾರು ತರಿಸ್ತಾರಂತೆ! ಹಡಗು ತುಂಬಾ ಬರುತ್ತಂತೆ! ಹಳೇ ಕಾರಿಗೆಲ್ಲ ಇನ್ನು ತೆಂಗಿನಚಿಪ್ಪಿನ ಬೆಲೆಯೂ ಇಲ್ವಂತೆ!"

ವಿಮಲರತ್ನ ಪತ್ರಿಕೆ ಮಡಚಿಟ್ಟು ಕಾರಿನಿಂದ ಇಳಿದ. ಆ ವಾರವೇ ಭಾನುವಾರದ ಪತ್ರಿಕೆಗೆ ಜಾಹೀರಾತು ಕೊಟ್ಟ. ಎಲ್ಲರೂ ಬರೆಸುವಂತೆ ಅವನೂ ಬರೆಸಿದ: 'ಲೇಡಿ ಡಾಕ್ಟರ್ ಬಳಸಿದ ಕಾರು.'

"ಯಾವ ಲೇಡಿ ಡಾಕ್ಟರ್?" ಎಂದಳು ಯಸವತಿ.

"ಮರೆತ್ಯಾ? ಆ ಹಲ್ಲಿನ ಡಾಕ್ಟರಮ್ಮ ಬಸ್ಸಿಗೆ ಕಾಯ್ತಾ ಇದ್ದಾಗ ಮಳೆ ಬಂತಲ್ಲ, ಹಿಂದಿನ ಸೀಟಲ್ಲಿ ಅರ್ಧ ಗಂಟೆ ಕೂತಿದ್ರು."

ಲೇಡಿ ಡಾಕ್ಟರ್ ಹೆಸರಿನ ಮಹಿಮೆಯೋ ಏನೋ, ಮೂರನೇ ದಿನಕ್ಕೆ ಹೊರಣ ಎಂಬ ಊರಿನಿಂದ ವ್ಯಾಪಾರಿ ಲಯನಲ್ ಮುದಲಾಳಿ ಬಂದ. ಮರದ ಅಡ್ಡೆ ಇಟ್ಟವನು, ದೊಡ್ಡ ಹೊಟ್ಟೆ, ಸಣ್ಣ ಧ್ವನಿ. ಹಲಗೆ ಪರೀಕ್ಷಿಸುವವನಂತೆ ಕಾರನ್ನು ಎಲ್ಲ ಕಡೆ ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳಿದ. ಬಾಗಿ ಕೆಳಗೆ ನೋಡಲು ಹೋಗಿ ಹೊಟ್ಟೆ ಅಡ್ಡ ಬಂದು ಹಾಗೇ ಎದ್ದ. ಒಂದು ಗಂಟೆ ಜಗ್ಗಾಡಿ ಮೂವತ್ತೊಂದು ಲಕ್ಷಕ್ಕೆ ಮಾತಾಯಿತು.

"ಶುಕ್ರವಾರ ಹಣ ತರ್ತೀನಿ ಮಹತ್ತಯ. ನಮ್ಮ ಜ್ಯೋತಿಷಿ ಮುಹೂರ್ತ ಕೊಟ್ಟಿದಾರೆ. ಒಂಬತ್ತು ಇಪ್ಪತ್ತೆಂಟರಿಂದ ಒಂಬತ್ತು ಐವತ್ತರೊಳಗೆ ಗಾಡಿ ಉತ್ತರಕ್ಕೆ ಮುಖ ಮಾಡಿ ನಿಮ್ಮ ಮಾಡು ಬಿಟ್ಟು ಹೊರಡ್ಬೇಕು."

ವಿಮಲರತ್ನ ಜೇಬಿನಿಂದ ಚೀಟಿ ತೆಗೆದ. "ನಮ್ಮ ಜ್ಯೋತಿಷಿ ನಂಗೆ ಶುಕ್ರವಾರವಾದ್ರೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಮುಂಚೆ ಹಣ ಮುಟ್ಬೇಡ ಅಂದಿದಾರೆ. ಅದಕ್ಕೂ ಮುಂಚೆ ವಿಷಗಳಿಗೆಯೋ ಏನೋ, ಒಂದು ಕಾಸು ಮುಟ್ಟಿದ್ರೂ ಮನೆ ಮುಳುಗುತ್ತಂತೆ."

ಮೂವತ್ತೊಂದು ಲಕ್ಷಕ್ಕೆ ಒಪ್ಪಿದವರು ಇಪ್ಪತ್ತೆರಡು ನಿಮಿಷಕ್ಕೆ ಒಪ್ಪಲಿಲ್ಲ. ಫೋನಿನಲ್ಲಿ ಇಬ್ಬರು ಜ್ಯೋತಿಷಿಗಳನ್ನೂ ಹಿಡಿದರು. ಇವರ ಜ್ಯೋತಿಷಿ ಅವರ ಜ್ಯೋತಿಷಿಗೆ ಪಂಚಾಂಗ ತಲೆಕೆಳಗೆ ಹಿಡಿಯುವ ಅಭ್ಯಾಸವಿದೆ ಎಂದ. ಅವರ ಜ್ಯೋತಿಷಿ ಇವರ ಜ್ಯೋತಿಷಿಗೆ ಹಿಡಿಯಲು ಪಂಚಾಂಗವೇ ಇಲ್ಲ ಎಂದ. ಕಡೆಗೆ ಬಿಡಿಸಿದ್ದು ಸ್ಟೇಷನ್ ಮಾಸ್ಟರನ ಬುದ್ಧಿಯೇ.

"ಒಂದೇ ಹಳಿ, ಎರಡು ರೈಲು. ಒಂದನ್ನ ಪಕ್ಕದ ಲೂಪ್ ಹಳಿಯಲ್ಲಿ ನಿಲ್ಸಿದ್ರಾಯ್ತು. ನಿಮ್ಮ ಮುಹೂರ್ತದಲ್ಲಿ ಕಾರು ರಸ್ತೆಗೆ ಇಳೀಲಿ, ಕೀಲಿಕೈ ನಿಮಗೆ. ಹಣ ನಿಮ್ಮ ಚೀಲದಲ್ಲೇ ಇರ್ಲಿ. ಹತ್ತು ಹನ್ನೆರಡಕ್ಕೆ ನನ್ನ ಕೈಗೆ ಕೊಡಿ."

"ನಡುವೆ ಕಾರು ಯಾರದ್ದು?" ಎಂದಳು ಒಳಗಿನಿಂದ ಯಸವತಿ.

"ಯಾರದ್ದೂ ಅಲ್ಲ," ಎಂದರು ಗಂಡಸರಿಬ್ಬರೂ ಒಟ್ಟಿಗೆ, ಇದೇನು ದೊಡ್ಡ ವಿಷಯ ಎನ್ನುವಂತೆ. ಅವತ್ತು ಸಂಜೆ ಯಸವತಿ ಹಿತ್ತಿಲಲ್ಲಿ ಒಲೆಯ ಇಟ್ಟಿಗೆಗಳನ್ನು ತೊಳೆದು ಒಣಗಲು ಇಟ್ಟಿದ್ದನ್ನು ಯಾರೂ ಗಮನಿಸಲಿಲ್ಲ.

ಶುಕ್ರವಾರ ಎಲ್ಲವೂ ಸಮಯಕ್ಕೆ ಸರಿಯಾಗಿ ನಡೆಯಿತು, ಕಾರೊಂದನ್ನು ಬಿಟ್ಟು. ಒಂಬತ್ತು ಮೂವತ್ತಕ್ಕೆ ನಾಲ್ಕು ಚಕ್ರದಡಿ ನಿಂಬೆಹಣ್ಣು ಇಟ್ಟರು. ಮುದಲಾಳಿ ಕೀಲಿ ತಿರುಗಿಸಿದ. ಆರು ವರ್ಷ ಮಲಗಿ ಅಭ್ಯಾಸವಾದ ಕಾರು ಒಮ್ಮೆ ಕೆಮ್ಮಿ ಮತ್ತೆ ನಿದ್ದೆ ಹೋಯಿತು.

"ತಳ್ಳಿ!" ಎಂದು ಕಿರುಚಿದ ವಿಮಲರತ್ನ, ಗಡಿಯಾರ ನೋಡುತ್ತ. "ಒಂಬತ್ತು ನಲವತ್ತು! ತಳ್ರೋ!"

ತಿಲಕ ತಳ್ಳಿದ, ಬಸ್ಸಿಗೆ ಕಾಯುತ್ತಿದ್ದವರು ತಳ್ಳಿದರು, ನಿಂತ ಬಸ್ಸಿನಿಂದ ಇಳಿದು ಕಂಡಕ್ಟರೂ ಕೈ ಹಚ್ಚಿದ. "ಇಷ್ಟು ದಿನ ನಾನು ನಿಮ್ಮನ್ನ ಹೊತ್ತೆ, ಈಗ ನಿಮ್ಮ ಕಾರನ್ನೂ ಹೊರ್ಬೇಕಾ ಮಹತ್ತಯ!" ನಿಂಬೆಹಣ್ಣು ಪಚಕ್ಕೆಂದವು. ಸರಿಯಾಗಿ ಒಂಬತ್ತು ಐವತ್ತಕ್ಕೆ ಕಾರು ರಸ್ತೆಯ ಅಂಚಿನಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ಕಾಯುವುದೊಂದೇ ಕೆಲಸ. ಚಪ್ಪಾಳೆ ತಟ್ಟಿದ ತಿಲಕ ಬಾಡಿಗೆಗೆಂದು ಗಾಲೆ ರಸ್ತೆಯ ಕಡೆ ಹೋದವನು ಐದೇ ನಿಮಿಷಕ್ಕೆ ಗಾಡಿ ಹಾರಿಸಿಕೊಂಡು ಹಿಂದೆ ಬಂದ.

"ಮಹತ್ತಯ! ಮುದಲಾಳಿ! ಕಾರು ತರಿಸೋಕೆ ಬಿಟ್ರಂತೆ! ರೇಡಿಯೋದಲ್ಲಿ ಹೇಳ್ತಿದಾರೆ! ಹಳೇ ಕಾರಿಗೆಲ್ಲ ಐದು ಲಕ್ಷ ಇಳೀತಂತೆ, ಈಗಷ್ಟೇ!"

ಮುದಲಾಳಿ ಹಣದ ಚೀಲವನ್ನು ಮಗುವಿನಂತೆ ಎದೆಗೆ ಅವಚಿಕೊಂಡ. "ಹಾಗಾದ್ರೆ ನಂಗೆ ಬೇಡ. ಹಣ ಇನ್ನೂ ನಂದೇ ಅಲ್ವಾ? ತಗೊಳ್ಳಿ ನಿಮ್ಮ ಕೀಲಿ."

"ಅದ್ಹೇಗೆ ತಗೊಳ್ಲಿ? ಕಾರು ನಿಮ್ಮ ಮುಹೂರ್ತದಲ್ಲಿ ಹೊರಟಾಯ್ತು!"

"ಹಣ ಕೊಡ್ದೆ ನನ್ನದು ಹೇಗಾಗುತ್ತೆ?"

"ಮನೆ ಬಿಟ್ಟ ಮೇಲೆ ನನ್ನದು ಹೇಗಾಗುತ್ತೆ?"

ಕೀಲಿಕೈ ಅವನಿಂದ ಇವನಿಗೆ, ಇವನಿಂದ ಅವನಿಗೆ ಬಿಸಿ ಕೆಂಡದ ಹಾಗೆ ಓಡಾಡಿತು. ಬೆಳಿಗ್ಗೆಯವರೆಗೂ ನನ್ನದು ನನ್ನದು ಎಂದು ಜಗ್ಗಾಡಿದ ಕಾರನ್ನು ನಿನ್ನದು ನಿನ್ನದು ಎಂದು ತಳ್ಳಾಡುವುದನ್ನು ನೋಡಲು ಬಸ್ಸಿನವರು ಬಸ್ಸನ್ನೇ ಬಿಡಲಿಲ್ಲ.

ಅಷ್ಟರಲ್ಲಿ ವಿಮಲರತ್ನನಿಗೆ ಬೇರೆ ಯೋಚನೆ ಹೊಳೆಯಿತು. ಇಳಿದದ್ದು ಏರದೇ ಇರುತ್ತದೆಯೇ? ಎರಡು ವರ್ಷ ಕಾದರೆ? "ಆಯ್ತು ಬಿಡಿ, ನಂದೇ. ಕಾಯ್ತೀನಿ. ತಿಲಕಾ, ತಳ್ಳೋ! ಮಾಡಿನೊಳಕ್ಕೆ!" ಎಂದು ಹಿಂದೆ ತಿರುಗಿದ.

ಮಾಡಿನಡಿ ಹೊಗೆ ಏಳುತ್ತಿತ್ತು.

ಕಾರು ನಿಂತಿದ್ದ ಜಾಗದ ನಟ್ಟನಡುವೆ ಮೂರು ಇಟ್ಟಿಗೆಯ ಒಲೆ. ಒಲೆಯ ಮೇಲೆ ಹೊಸ ಮಣ್ಣಿನ ಮಡಕೆ. ಮಡಕೆಯಿಂದ ಹಾಲು ಬುಸ್ಸೆಂದು ಎಲ್ಲ ಕಡೆಗೂ ಉಕ್ಕಿ ಬೀಳುತ್ತಿತ್ತು. ಯಸವತಿ ಬುದ್ಧವಿಹಾರಕ್ಕೆ ಹೋಗುವಾಗ ಉಡುವ ಬಿಳಿ ಸೀರೆ ಉಟ್ಟು, ಕೈಮುಗಿದು ನಿಂತಿದ್ದಳು. ಬಸ್ಸಿನೊಳಗಿನ ಮುದುಕಿಯರು ಕೂತಲ್ಲೇ ಕೈಮುಗಿದರು.

"ಯಸೋ! ಇದೇನಿದು?"

"ಕಾಣಲ್ವಾ? ಹಾಲು ಉಕ್ಕಿಸ್ದೆ. ಅಂಗಡಿ ಶುರುವಾಯ್ತು."

"ಕಾರು ಒಳಗೆ ಬರ್ಬೇಕು ಕಣೇ!"

"ಹಾಲು ಉಕ್ಕಿದ ಒಲೆ ಮೇಲೆ ಚಕ್ರ ಹತ್ತಿಸ್ತೀರಾ? ಹತ್ತಿಸಿ ನೋಡೋಣ."

ಹತ್ತಿಸುವುದಿರಲಿ, ತಳ್ಳಲು ನಿಂತಿದ್ದ ತಿಲಕ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಚಪ್ಪಲಿ ಕಳಚಿಟ್ಟ.

"ಮುಹೂರ್ತ? ಯಾರನ್ನ ಕೇಳಿದೆ?" ವಿಮಲರತ್ನನ ಧ್ವನಿ ಸಣ್ಣಗಾಗಿತ್ತು.

"ಯಾರನ್ನೂ ಇಲ್ಲ. ಬೆಂಕಿ ಜೋರಾದ್ರೆ ಹಾಲು ಉಕ್ಕುತ್ತೆ. ಉಕ್ಕಿದ್ದೇ ಮುಹೂರ್ತ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಗೆಗೋ ಏನೋ ಕಣ್ಣು ತುಂಬಿದ್ದವು. "ಆರು ವರ್ಷ ನಿಮ್ಮ ಕಾರಿಗೆ ಒಳ್ಳೇ ಕಾಲ ಬರ್ಲಿ ಅಂತ ಕಾದೆ. ನಂಗೆ ಸಿಕ್ಕಿದ್ದು ಈ ಇಪ್ಪತ್ತೆರಡು ನಿಮಿಷ. ಇದನ್ನ ಬಿಡಲ್ಲ."

ಅವಳು ಆಗಲೇ ಮಡಕೆ ಇಳಿಸಿ, ಬಾಣಲೆ ಏರಿಸಿ, ಹಿಟ್ಟು ಹೊಯ್ದು ಮಣಿಕಟ್ಟು ತಿರುಗಿಸಿದ್ದಳು. ತೆಂಗಿನಹಾಲು ಸುಡುವ ಘಮ ರಸ್ತೆಗೆ ಇಳಿಯಿತು. ಮೊದಲ ಆಪ್ಪವನ್ನು ಮೆಣಸಿನ ಚಟ್ನಿ ಸಂಬಲ್ ಹಚ್ಚಿ ಮುದಲಾಳಿಯ ಕೈಗಿಟ್ಟಳು. ತಿನ್ನಬೇಕೆಂದರೆ ಅವನು ಹಣದ ಚೀಲವನ್ನು ಕೆಳಗಿಡಲೇಬೇಕಾಯಿತು. ಎರಡನೆಯದು ಕಂಡಕ್ಟರಿಗೆ. ಆಮೇಲೆ ಬಸ್ಸು ಖಾಲಿಯಾಗಿ ಮಾಡಿನ ಮುಂದೆ ಸಾಲು ಬೆಳೆಯಿತು. ಹಿತ್ತಿಲ ಬಾಗಿಲಲ್ಲಿ ಆರು ವರ್ಷದಲ್ಲಿ ಕಾಣದಷ್ಟು ಮುಖಗಳು ಅಲ್ಲಿದ್ದವು. ಯಸವತಿ ಒಂದೊಂದು ಮುಖವನ್ನೂ ನೋಡಿ ನಗುತ್ತಿದ್ದಳು. ಹೆಂಡತಿ ಹಾಗೆ ನಗುವುದನ್ನು ಕಂಡು ಎಷ್ಟು ಕಾಲವಾಯಿತೆಂದು ವಿಮಲರತ್ನ ನೆನಪಿಸಿಕೊಳ್ಳಲು ನೋಡಿದ, ಆಗಲಿಲ್ಲ. ಅವನಿಗೆ ನಾಚಿಕೆಯಾಯಿತು.

ನಾಲ್ಕನೇ ಆಪ್ಪ ಮುಗಿಸಿದ ಮುದಲಾಳಿ ಬೆರಳು ನೆಕ್ಕಿ, "ಇಪ್ಪತ್ತಾರು ಕೊಡ್ತೀನಿ ಮಹತ್ತಯ. ಅದಕ್ಕೆ ಮೇಲೆ ಒಂದು ರೂಪಾಯಿ ಇಲ್ಲ," ಎಂದ.

ಗಡಿಯಾರದಲ್ಲಿ ಹತ್ತು ಹನ್ನೆರಡು. ಬೆಳಿಗ್ಗೆ ಮೂವತ್ತೊಂದಿತ್ತು. ಮುಂದಿನ ವಾರ ಇಪ್ಪತ್ತಾಗಬಹುದು, ಮೂವತ್ತೈದೂ ಆಗಬಹುದು. ಕಂಡಕ್ಟರು ಬಾಯಿ ತುಂಬ ತುಂಬಿಕೊಂಡು ಅವನನ್ನೇ ನೋಡುತ್ತಿದ್ದ. ನಗುವವನು ನಗಲಿ ಎಂದುಕೊಂಡ ವಿಮಲರತ್ನ, ಹೆಗಲ ಮೇಲಿದ್ದ ಕಾರು ಒರೆಸುವ ಸರೋಂಗನ್ನು ತೆಗೆದು, ಪ್ಲಾಟ್‌ಫಾರಮ್ಮಿನ ಮೇಲೆ ನಿಂತವನಂತೆ ಒಮ್ಮೆ ಮೇಲಕ್ಕೆತ್ತಿ ಬೀಸಿದ. ಅದು ಹಸಿರು ಸರೋಂಗು.

"ಹೊರಡ್ಲಿ," ಎಂದ.

ಹೊರಡಲು ಅದನ್ನು ಮತ್ತೆ ಎಲ್ಲರೂ ಸೇರಿ ತಳ್ಳಬೇಕಾಯಿತು.

ಆಮೇಲಿನ ದಿನಗಳಲ್ಲಿ ಕಾರಿನ ಬೆಲೆ ಇಳಿಯಿತು, ಏರಿತು, ಮತ್ತೆ ಇಳಿಯಿತು. ತಿಲಕ ಪ್ರತಿಸಲವೂ ಓಡಿ ಬಂದು ಹೇಳುತ್ತಿದ್ದ. ವಿಮಲರತ್ನನಿಗೆ ಕೇಳಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ಮಾಡಿನಡಿ ಆಪ್ಪವನ್ನು ಕಾಗದದಲ್ಲಿ ಸುತ್ತಿ ಕೊಡುವ ಕೆಲಸ ಈಗ ಅವನದು. ಹುಟ್ಟುಗುಣ ಮಾತ್ರ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಒಂದು ಬೆಳಿಗ್ಗೆ ಮೊಟ್ಟೆ ಆಪ್ಪದ ತಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತುಬಿಟ್ಟ.

"ಯಸೋ, ಸೋಮವಾರದಿಂದ ಮೊಟ್ಟೆ ಬೆಲೆ ಏರುತ್ತಂತೆ. ಇದನ್ನ ಇವತ್ತು ಮಾರೋದು ಬೇಡ. ತಡಿ."

ಯಸವತಿ ಸೌಟು ಎತ್ತಿದಳು. ಅವನು ತಟ್ಟೆಯನ್ನು ಸಾಲಿನ ಮೊದಲಿಗನ ಕೈಗೆ ಕೊಟ್ಟು, ಮುಂದಿನವರನ್ನು ಕರೆದ.