ಬಾಗಿಲ ಬೇವು

ಗುಡೂರಿನಿಂದ ಕಾಲುದಾರಿ ಹಿಡಿದರೆ ಬಿಸಿಲೇರುವುದರೊಳಗೆ ಮುಟ್ಟಬಹುದಾದ ಆ ಸಣ್ಣ ಊರಿನಲ್ಲಿ ಯಾವ ಮನೆಯಲ್ಲಿ ಕಾಯಿಲೆ ಇದೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ, ಬಾಗಿಲು ನೋಡಿದರೆ ಸಾಕಿತ್ತು. ಕೂಸಿನ ಮೈಮೇಲೆ ಕೆಂಪು ಗುಳ್ಳೆ ಎದ್ದವೆಂದರೆ ಬಾಗಿಲಿಗೆ ಬೇವಿನ ತೊಂಗಲು ಏರುತ್ತಿತ್ತು. ತಾಯಿ ಬಂದಿದ್ದಾಳೆ ಎಂದು ಅದರ ಅರ್ಥ. ಆ ಮನೆಯಲ್ಲಿ ಒಗ್ಗರಣೆ ಹಾಕುತ್ತಿರಲಿಲ್ಲ, ಹೊರಗಿನವರು ಹೊಸ್ತಿಲು ದಾಟುತ್ತಿರಲಿಲ್ಲ, ಒಳಗಿನ ಮಕ್ಕಳು ಓಣಿಗೆ ಇಳಿಯುತ್ತಿರಲಿಲ್ಲ. ಲಿಂಗಾಯತರ ಮನೆ ಇರಲಿ, ಕುರುಬರ ಮನೆ ಇರಲಿ, ಆಚೆ ಓಣಿಯ ಲಾಡಸಾಬನ ಮನೆ ಇರಲಿ, ಎಲ್ಲರ ಬಾಗಿಲಿಗೂ ಅದೇ ಬೇವು. ಕೂಸು ಗುಣವಾಗಿ ತಲೆಗೆ ನೀರು ಹಾಕಿದ ದಿನ ಮನೆಯ ಹೆಂಗಸು ಅದನ್ನು ಇಳಿಸಿ ಹಳ್ಳಕ್ಕೆ ಬಿಟ್ಟು ಬರುತ್ತಿದ್ದಳು. ಬಾದಾಮಿಯಿಂದ ಶಾಲೆಯ ನೌಕರಿಗೆ ಬಂದು ಎರಡು ವರ್ಷವಾಗಿದ್ದ ಇಂದ್ರಾಬಾಯಿ ಅಕ್ಕೋರಿಗೆ ಇದೆಲ್ಲ ಗೊತ್ತಾಗಿತ್ತು. ಗುಣವಾಗದ ಕೂಸಿನ ಮನೆಯ ಬೇವನ್ನು ಯಾರು ಇಳಿಸುತ್ತಾರೆ ಎಂಬುದೊಂದನ್ನು ಮಾತ್ರ ಆಕೆ ಕೇಳಿ ತಿಳಿದುಕೊಂಡಿರಲಿಲ್ಲ.

ಎಪ್ಪತ್ತೆಂಟರ ಆ ಚಳಿಗಾಲದಲ್ಲಿ ಬೇವು ಬಾಗಿಲಿಂದ ಬಾಗಿಲಿಗೆ ನೆಗೆಯುತ್ತ ಬಂತು. ಸಿಡುಬು ದೇಶ ಬಿಟ್ಟು ಹೋಯಿತೆಂದು ಶಾಲೆಯ ಗೋಡೆಗೆ ಬರೆದ ನೀಲಿ ಅಕ್ಷರ ಇನ್ನೂ ಮಾಸಿರಲಿಲ್ಲ, ಅಷ್ಟರಲ್ಲಿ ದಡಾರ ಬಂದು ಕೂತಿತು. ಊರವರು ಅದಕ್ಕೆ ಗೊಬ್ಬರ ಎನ್ನುತ್ತಿದ್ದರು. ಒಂದನೇ ಇಯತ್ತೆಯ ಇಬ್ಬರು ಮಕ್ಕಳು ಒಂದೇ ವಾರದಲ್ಲಿ ತೀರಿಕೊಂಡಾಗ ಶಾಲೆ ಮುಚ್ಚಿದರು.

ತಿಂಗಳಾಗುತ್ತ ಬಂದಾಗ ಹೆಡ್‌ಮಾಸ್ತರ ಹೊಳಬಸಪ್ಪನವರು ತಮ್ಮ ಕೈಕೆಳಗಿನ ಇಬ್ಬರನ್ನು ಕರೆಸಿದರು. ಇಬ್ಬರೆಂದರೆ ಇಂದ್ರಾಬಾಯಿ ಮತ್ತು ಅಮಸಿದ್ದಪ್ಪ ಮಾಸ್ತರರು, ಶಾಲೆಗೆ ಇದ್ದದ್ದೇ ಆ ಮೂವರು. ಹೊಳಬಸಪ್ಪನವರು ಕುರ್ಚಿಯ ಧೂಳನ್ನು ಟೋಪಿಯಿಂದ ಬಡಿದು ಕೂತು, ಸೋಮವಾರ ಶಾಲೆ ತೆಗೆಯಬೇಕೆಂದು ಮೇಲಿನಿಂದ ಹೇಳಿಕೆ ಬಂದಿದೆ, ಏಳನೆಯವರಿಗೆ ಮುಲ್ಕಿ ಪರೀಕ್ಷೆ ತಲೆಯ ಮೇಲೆ ಬಂದಿದೆ, ಮಧ್ಯಾಹ್ನದ ಉಪ್ಪಿಟ್ಟಿಗೆಂದು ಬಂದ ಹಳದಿ ನುಚ್ಚಿನ ಚೀಲಗಳಿಗೆ ನುಸಿ ಹತ್ತುತ್ತಿದೆ ಎಂದೆಲ್ಲ ಹೇಳಿದರು. ಗೊಬ್ಬರ ಪೂರ್ತಿ ಹೋಗಲಿ ಎಂದು ಕಾದರೆ ತಾವು ಪಿಂಚಣಿ ತೆಗೆದುಕೊಂಡ ಮೇಲೆಯೇ ಬೀಗ ತೆಗೆಯಬೇಕಾದೀತು ಎಂದು ನಕ್ಕರು. ಉಳಿದ ಇಬ್ಬರೂ ನಗಲಿಲ್ಲ.

ಅಮಸಿದ್ದಪ್ಪ ಮಾಸ್ತರರು ಮಾತು ಕಡಿಮೆಯ ಮನುಷ್ಯ. ಹಿಂದಿನ ವರ್ಷ ಹೆಂಡತಿ ತೀರಿಕೊಂಡಿದ್ದಳು. ಮನೆಯಲ್ಲಿ ಇದ್ದವಳು ನಾಲ್ಕು ವರ್ಷದ ಮಗಳು ಶಿವಲಿಂಗವ್ವ ಒಬ್ಬಳೇ, ಎಲ್ಲರ ಬಾಯಲ್ಲಿ ಶಿವ್ವಿ. ಅವಳನ್ನು ನೋಡಿಕೊಳ್ಳಲು ಯಾರೂ ಇಲ್ಲದ್ದಕ್ಕೆ ದಿನಾಲು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ತರುತ್ತಿದ್ದರು. ತರಗತಿಯಲ್ಲಿ ಅವರ ಟೇಬಲ್ಲಿನ ಕೆಳಗಿನ ಜಾಗವೇ ಅವಳ ಮನೆ. ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಒಲೆ ಬರೆದು ರೊಟ್ಟಿ ಬಡಿಯುವಳು, ಯಾರೂ ನೋಡದಾಗ ಸುಣ್ಣದ ಕಡ್ಡಿಯನ್ನೇ ತಿನ್ನುವಳು. ಅವಳ ಒಲೆ ಅಳಿಸೀತೆಂದು ಮಾಸ್ತರರು ದಿನವಿಡೀ ಕಾಲು ಚಾಚದೆ ಬದಿಗೆ ಮಡಚಿಕೊಂಡು ಕೂತು ಪಾಠ ಹೇಳುತ್ತಿದ್ದರು.

“ಸರ್, ಸಾಲಿ ತಗದ್ರ ಕೂಸಿನ್ನ ಕರಕೊಂಡು ಬರಬೇಕಾಗ್ತೈತಿ,” ಎಂದರು ಅವರು. “ಅದಕ್ಕ ಇನ್ನೂ ಗೊಬ್ರ ಆಗಿಲ್ರಿ. ಇರೂದು ಅದೊಂದ ಐತಿ.”

ಆಗಲೇ ಹೊಳಬಸಪ್ಪನವರ ಟೇಬಲ್ಲಿನ ಅಡಿಯಿಂದ ಶಿವ್ವಿಯ ದನಿ ಬಂತು. ಅಂಗಳದಿಂದ ಆರಿಸಿ ತಂದ ಬೇವಿನ ಎಲೆಗಳನ್ನು ಅವಳು ಟೇಬಲ್ಲಿನ ಕಾಲಿಗೆ ದಾರದಿಂದ ಸುತ್ತಿದ್ದಳು.

“ಹೆಡ್‌ಮಾಸ್ತರ್ರ, ಕಾಲು ಹಿಂದ ತಗೀರಿ. ನಮ್ಮನ್ಯಾಗ ತಾಯಿ ಬಂದಾಳ, ಯಾರೂ ಒಳಗ ಬರಂಗಿಲ್ಲ.”

ಹೊಳಬಸಪ್ಪನವರು ತಪ್ಪಾಯ್ತವ್ವ ಎಂದು ಕಾಲು ಹಿಂದೆಳೆದರು. ಎಲ್ಲರಿಗೂ ನಗು ಬಂತು. ಆ ನಗುವಿನ ನಡುವೆಯೇ ಇಂದ್ರಾಬಾಯಿಯ ತಲೆಯಲ್ಲಿ ಒಂದು ಹಂಚಿಕೆ ಹೊಳೆಯಿತು. ಬಾಗಿಲಿಗೆ ಬೇವಿದ್ದ ಮನೆಯ ಮಕ್ಕಳನ್ನು ಶಾಲೆಯೊಳಗೆ ಬಿಡಲೇಬಾರದು. ಡಾಕ್ಟರು ಬೇಡ, ತಪಾಸಣೆ ಬೇಡ, ಊರೇ ತನ್ನ ಬಾಗಿಲಿಗೆ ಕಟ್ಟಿ ತೋರಿಸುತ್ತಿದೆಯಲ್ಲ. ಮುಂಜಾನೆ ತಾನೇ ಓಣಿ ಸುತ್ತಿ ನೋಡಿ ಬಂದು ಗೇಟಿನಲ್ಲಿ ನಿಲ್ಲುತ್ತೇನೆ ಎಂದಳು. ಹೊಳಬಸಪ್ಪನವರಿಗೆ ಇದು ಭಾರೀ ಹಿಡಿಸಿತು. ಅಮಸಿದ್ದಪ್ಪ ಮಾಸ್ತರರು ಮಾತ್ರ ಹೊರಗೆ ಬಂದ ಮಗಳ ನೆತ್ತಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

“ಶಿವ್ವಿ ಜವಾಬ್ದಾರಿ ನಂದ್ರಿ ಮಾಸ್ತರ್ರ,” ಎಂದಳು ಇಂದ್ರಾಬಾಯಿ.

ಅವರು ಆಕೆಯ ಮುಖ ನೋಡಿ, ಆಗಲಿ ಎನ್ನುವಂತೆ ಗೋಣು ಹಾಕಿದರು.

ಸೋಮವಾರ ಉಪ್ಪಿಟ್ಟಿನ ಆಸೆಗೆ ಬೇವಿದ್ದ ಮನೆಯ ಮಕ್ಕಳೂ ತಾಟು ಹಿಡಿದು ಬಂದಿದ್ದರು. ಗೇಟಿನಲ್ಲಿ ನಿಂತ ಇಂದ್ರಾಬಾಯಿ ಅರ್ಧಕ್ಕರ್ಧ ಮಕ್ಕಳನ್ನು ಹಿಂದೆ ಕಳಿಸಿದಳು. ಬೈಯಲಿಲ್ಲ, ಗಲ್ಲ ಹಿಡಿದು, ಬೇವು ಇಳಿದ ಮೇಲೆ ಬಾ ಎಂದಳು. ಎರಡನೇ ಇಯತ್ತೆಯ ಗುರುಲಿಂಗವ್ವ ಕೇಳಲಿಲ್ಲ. ತಾಟನ್ನು ಎದೆಗೆ ಅವಚಿಕೊಂಡು ಗೋಡೆಯ ಹೊರಗೇ ನಿಂತಳು. ಅವಳ ತಮ್ಮನಿಗೆ ಗೊಬ್ಬರ ಎದ್ದಿತ್ತು, ಅವಳಿಗೆ ಏನೂ ಆಗಿರಲಿಲ್ಲ. ಉಪ್ಪಿಟ್ಟಿನ ವಾಸನೆ ಬರುವವರೆಗೂ ನಿಂತಿದ್ದು, ಒಳಗಿನ ಮಕ್ಕಳು ಕೈ ತೊಳೆಯುವ ಸಪ್ಪಳ ಕೇಳಿದ ಮೇಲೆ ಖಾಲಿ ತಾಟು ಹಿಡಿದು ಹೋದಳು. ಆ ಊರಿನ ಎಷ್ಟೋ ಮಕ್ಕಳಿಗೆ ಹಗಲಿನಲ್ಲಿ ಹೊಟ್ಟೆ ತುಂಬುತ್ತಿದ್ದದ್ದೇ ಆ ಹಳದಿ ಉಪ್ಪಿಟ್ಟಿನಿಂದ. ಗುರುಲಿಂಗವ್ವ ಓಣಿ ತಿರುಗುವವರೆಗೂ ಇಂದ್ರಾಬಾಯಿ ಗೇಟಿನಲ್ಲೇ ನೋಡುತ್ತ ನಿಂತಳು. ಆದರೂ ಟೇಬಲ್ಲಿನ ಕೆಳಗೆ ರೊಟ್ಟಿ ಬಡಿಯುತ್ತಿದ್ದ ಶಿವ್ವಿಯನ್ನು ನೋಡಿ ಮನಸ್ಸು ಗಟ್ಟಿ ಮಾಡಿಕೊಂಡಳು.

ಮರುದಿನ ಓಣಿಯಲ್ಲಿ ಬೇವು ಕಡಿಮೆಯಾಗಿತ್ತು. ಅದರ ಮರುದಿನ ಇನ್ನೂ ಕಡಿಮೆ. ವಾರ ತುಂಬುವುದರೊಳಗೆ ಬಾಗಿಲುಗಳೆಲ್ಲ ಬೋಳಾದವು, ಶಾಲೆ ತುಂಬಿತು. ಹೊಳಬಸಪ್ಪನವರು ಇಂದ್ರಾಬಾಯಿಯನ್ನು ಎದುರಿಗೆ ಕೂರಿಸಿಕೊಂಡು, ಮೂವತ್ತು ವರ್ಷದ ನೌಕರಿಯಲ್ಲಿ ತಮಗೆ ಇಂಥ ಬುದ್ಧಿ ಹೊಳೆದಿರಲಿಲ್ಲ ಎಂದು ಹೊಗಳಿದರು. ಅಮಸಿದ್ದಪ್ಪ ಮಾಸ್ತರರು ಕೂಡ ಸಡಿಲವಾದರು. ಮಗಳನ್ನು ಅಂಗಳಕ್ಕೆ ಬಿಟ್ಟರು. ಗುರುಲಿಂಗವ್ವನಿಗೂ ಶಿವ್ವಿಗೂ ಗೆಳೆತನ ಬೆಳೆಯಿತು. ಮಧ್ಯಾಹ್ನ ಇಬ್ಬರೂ ಟೇಬಲ್ಲಿನ ಕೆಳಗೆ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಮನೆಗೆ ಬೀಗತಿ ಬಂದಿದ್ದಾಳೆ, ಉಪಚಾರ ಮಾಡಬೇಕು ಎಂದು ಶಿವ್ವಿ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಒಂದು ಶನಿವಾರ ಇಂದ್ರಾಬಾಯಿ ನೋಡುತ್ತಾಳೆ, ಗುರುಲಿಂಗವ್ವ ಅರ್ಧ ಉಪ್ಪಿಟ್ಟನ್ನು ಲಂಗದ ತುದಿಯಲ್ಲಿ ಕಟ್ಟಿಕೊಳ್ಳುತ್ತಿದ್ದಾಳೆ. ಯಾರಿಗೆ ಎಂದು ಕೇಳಿದರೆ ತಮ್ಮನಿಗೆ ಎಂದಳು. ಅವನ ಬಾಯೆಲ್ಲ ಹುಣ್ಣಾಗಿದೆ, ರೊಟ್ಟಿ ನುಂಗಲಾರ, ಇದು ಮೆತ್ತಗಿರುತ್ತದೆ ಎಂದಳು. ಕೆಮ್ಮಿ, ಮೂಗು ಒರೆಸಿಕೊಂಡಳು. ಕಣ್ಣು ಕೆಂಪಾಗಿದ್ದವು.

ಇಂದ್ರಾಬಾಯಿ ಅವಳ ಕೈ ಹಿಡಿದುಕೊಂಡು ಹಾಗೇ ಅವರ ಮನೆಗೆ ನಡೆದಳು. ಬಾಗಿಲಿಗೆ ಬೇವಿರಲಿಲ್ಲ, ಬೇವು ಕಟ್ಟಿದ್ದ ದಾರದ ತುಂಡು ಜೋತಾಡುತ್ತಿತ್ತು. ಗುರುಲಿಂಗವ್ವನ ತಾಯಿ ಬಸಲಿಂಗವ್ವ ಅಡ್ಡ ನಿಂತಳು. ಆಕೆಯ ಭುಜದ ಮೇಲಿಂದ ಒಳಗಿನದು ಕಾಣುತ್ತಿತ್ತು. ಕತ್ತಲ ಮೂಲೆಯಲ್ಲಿ ಬೇವಿನ ಎಲೆ ಹಾಸಿ ಹುಡುಗನನ್ನು ಮಲಗಿಸಿದ್ದರು. ಪಡಸಾಲೆಯ ಕಂಬಕ್ಕೆ ಹಸಿರು ತೊಂಗಲು ಕಟ್ಟಿತ್ತು.

“ಬೇವು ಯಾಕ ಇಳಿಸಿದ್ರಿ ಬಸಲಿಂಗವ್ವ?”

“ಇಳಿಸಿಲ್ರಿ ಅಕ್ಕೋರ, ಒಳಗ ಕಟ್ಟೀನಿ. ತಾಯಿಗೆ ಎಲ್ಲಿ ಕಟ್ಟಿದ್ರೂ ಕಾಣತೈತಿ. ಬಾಗಲಿಗೆ ಕಟ್ಟಿದ್ರ ನಿಮಗ ಕಾಣತೈತಿ.” ದನಿಯಲ್ಲಿ ಸಿಟ್ಟಿರಲಿಲ್ಲ. “ಈ ಹುಡಿಗಿ ಖಾಲಿ ತಾಟು ಹಿಡ್ಕೊಂಡು ಬಂದು ನನ್ನ ಮುಂದ ನಿಂತ್ಳು ನೋಡ್ರಿ. ನಾ ಏನ್ ಮಾಡ್ಲಿ?”

ಉಳಿದ ಮನೆಗಳ ಕತೆ ಏನು ಎಂದು ಇಂದ್ರಾಬಾಯಿ ಕೇಳಿದಳು. ಬಸಲಿಂಗವ್ವ ಓಣಿಯ ಆ ತುದಿಯವರೆಗೂ ಕಣ್ಣು ಹಾಯಿಸಿದಳು.

ವಾಪಸು ಬರುವಾಗ ಬೋಳು ಬಾಗಿಲುಗಳನ್ನು ನೋಡಲು ಇಂದ್ರಾಬಾಯಿಗೆ ಹೆದರಿಕೆಯಾಯಿತು. ಅದುವರೆಗೆ ಊರು ತನಗೆ ತಿಳಿದಂತೆ ತನ್ನ ಮಕ್ಕಳನ್ನು ಬೇರೆ ಇಡುತ್ತಿತ್ತು. ಬೇವು ಕಂಡರೆ ಯಾರೂ ಆ ಮನೆಯ ಹತ್ತಿರ ಸುಳಿಯುತ್ತಿರಲಿಲ್ಲ. ಆ ಬೇವಿಗೆ ತಾನು ಶಿಕ್ಷೆ ಅಂಟಿಸಿದ್ದೇ ಬೇವು ಒಳಗೆ ಹೋಯಿತು, ಕಾಯಿಲೆ ಹೊರಗೆ ಬಂತು. ಶಾಲೆಯಲ್ಲಿ ಅಮಸಿದ್ದಪ್ಪ ಮಾಸ್ತರರು ಇನ್ನೂ ಇದ್ದರು. ಇಂದ್ರಾಬಾಯಿ ಎದುರು ನಿಂತು, ಏನೂ ಮುಚ್ಚಿಡದೆ ಎಲ್ಲ ಹೇಳಿದಳು. ಅವರು ಬಗ್ಗಿ ಟೇಬಲ್ಲಿನ ಕೆಳಗಿಂದ ಮಗಳನ್ನು ಎತ್ತಿಕೊಂಡರು. ಸುಣ್ಣದ ಕಡ್ಡಿ ಬಿತ್ತೆಂದು ಅವಳು ಅತ್ತಳು, ಅದನ್ನು ಆರಿಸಿ ಅವಳ ಕೈಗಿಟ್ಟು, ಹೆಗಲ ಮೇಲೆ ಹಾಕಿಕೊಂಡು ಹೋದರು.

ಹೊಳಬಸಪ್ಪನವರು ಸಣ್ಣ ಮಕ್ಕಳ ತರಗತಿಗಳನ್ನು ಮತ್ತೆ ಮುಚ್ಚಿದರು. ಏಳನೆಯವರನ್ನು ಮಾತ್ರ ಕೂರಿಸಿಕೊಂಡರು. ಇಂದ್ರಾಬಾಯಿ ದಿನಾಲು ಮುಂಜಾನೆ ಸಂಜೆ ಅಮಸಿದ್ದಪ್ಪ ಮಾಸ್ತರರ ಮನೆಯ ಮುಂದೆ ಹಾದು ಹೋಗುತ್ತಿದ್ದಳು. ಕಟ್ಟೆಯ ಮೇಲೆ ಶಿವ್ವಿ ಆಡುತ್ತಿದ್ದರೆ ಜೀವ ಮರಳಿ ಬಂದಂತಾಗುತ್ತಿತ್ತು. ಅಕ್ಕೋ ಎಂದು ಅವಳು ಕೂಗಿದರೆ ಅವಳ ಕಣ್ಣಿನ ಬಣ್ಣ ನೋಡುತ್ತಿದ್ದಳು. ಬೆಳ್ಳಗಿದ್ದವು. ಮರುದಿನವೂ ಬೆಳ್ಳಗಿದ್ದವು. ಏನೂ ಆಗಲಿಕ್ಕಿಲ್ಲ ಎಂದುಕೊಳ್ಳುವಷ್ಟರಲ್ಲಿ ಒಂದು ಮುಂಜಾನೆ ಕಟ್ಟೆ ಖಾಲಿಯಿತ್ತು, ಒಳಗಿಂದ ಕೆಮ್ಮು ಕೇಳಿಸಿತು.

ನಾಲ್ಕು ದಿನದ ಜ್ವರದ ಮೇಲೆ ಗುಳ್ಳೆ ಎದ್ದವು. ಆ ಹೊತ್ತಿಗೆ ಊರಿನಲ್ಲಿ ಒಂದೇ ಒಂದು ಬಾಗಿಲಿಗೂ ಬೇವಿರಲಿಲ್ಲ. ಅಮಸಿದ್ದಪ್ಪ ಮಾಸ್ತರರು ತಾವೇ ಗಿಡ ಹತ್ತಿ ತೊಂಗಲು ಮುರಿದು ತಂದು, ಎಲ್ಲರ ಕಣ್ಣೆದುರು ಬಾಗಿಲಿಗೆ ಕಟ್ಟಿದರು. ಅದನ್ನು ಕಟ್ಟುವುದು ಹೆಂಗಸರ ಕೆಲಸ. ಆ ಮನೆಯಲ್ಲಿ ಹೆಂಗಸಿರಲಿಲ್ಲ.

ಮರುದಿನ ಮುಂಜಾನೆ ಇಂದ್ರಾಬಾಯಿ ಓಣಿಗೆ ಬಂದಾಗ ಬಸಲಿಂಗವ್ವನ ಬಾಗಿಲಿಗೆ ಬೇವು ಬಂದಿತ್ತು. ಅದರ ಪಕ್ಕದ ಮನೆಗೂ. ಎದುರಿನ ಮನೆಗೂ. ಲಾಡಸಾಬನ ಹೆಂಡತಿ ಜೋಹರಾ ಸ್ಟೂಲಿನ ಮೇಲೆ ನಿಂತು ಒಳಗಿನ ತೊಂಗಲನ್ನು ತಂದು ಹೊರಗೆ ಕಟ್ಟುತ್ತಿದ್ದಳು, ಇಂದ್ರಾಬಾಯಿಯನ್ನು ಕಂಡು ಸೆರಗು ಎಳೆದುಕೊಂಡು ಮುಖ ತಿರುಗಿಸಿದಳು. ಸಂಜೆಯೊಳಗೆ ಓಣಿಗೆ ಓಣಿಯೇ ಹಸಿರಾಯಿತು.

ಗುಡೂರಿಗೆ ಚಕ್ಕಡಿಯಲ್ಲಿ ಕೂಸನ್ನು ಒಯ್ದು ಸೂಜಿ ಹಾಕಿಸಿಕೊಂಡು ಬಂದರು. ಎದೆಯಲ್ಲಿ ಕಫ ಕಟ್ಟಿತ್ತು. ಇಂದ್ರಾಬಾಯಿ ಹೊಸ್ತಿಲ ಹೊರಗೆ ಕೂತೇ ಇದ್ದಳು, ಒಳಗೆ ಕಾಲಿಡಲಿಲ್ಲ. ಶಿವ್ವಿಯೇ ಹೇಳಿದ್ದಳಲ್ಲ, ತಾಯಿ ಬಂದ ಮನೆಗೆ ಯಾರೂ ಬರಬಾರದೆಂದು. ಒಂದು ಹೊಸ ಸುಣ್ಣದ ಕಡ್ಡಿ ತಂದು ಹೊಸ್ತಿಲ ಮೇಲಿಟ್ಟಳು. ಮಾಸ್ತರರು ಅದನ್ನು ತೆಗೆದುಕೊಂಡು ಒಳಗೆ ಹೋದರು. ಮರುದಿನ ಮಧ್ಯಾಹ್ನ ಕೆಮ್ಮು ನಿಂತಿತು. ಇಂದ್ರಾಬಾಯಿ ಕಿವಿಗೊಟ್ಟು ಕೂತಳು. ಮತ್ತೆ ಕೇಳಿಸಲಿಲ್ಲ.

ಆಮೇಲೆ ಊರಿನ ಬೇವು ಒಂದೊಂದಾಗಿ ಇಳಿಯಿತು. ಈ ಸಲ ನಿಜವಾಗಿಯೇ ಇಳಿಯಿತು. ಮೊದಲು ತಮ್ಮನಿಗೆ, ಮುಂದೆ ಗುರುಲಿಂಗವ್ವನಿಗೆ ತಲೆಗೆ ನೀರು ಬಿತ್ತು, ಬಸಲಿಂಗವ್ವ ಹಳ್ಳಕ್ಕೆ ಹೋಗಿ ಬಂದಳು. ಶಾಲೆ ಮೂರನೆಯ ಸಲ ತೆರೆಯಿತು. ಅಮಸಿದ್ದಪ್ಪ ಮಾಸ್ತರರ ಬಾಗಿಲಲ್ಲಿ ಮಾತ್ರ ಬೇವು ಹಾಗೇ ಉಳಿಯಿತು, ಹಸಿರು ಹೋಗಿ ಕಂದಾಯಿತು, ಗಾಳಿ ಬಂದರೆ ಸರಸರ ಎನ್ನುತ್ತಿತ್ತು. ಅವರು ಅದರ ಕೆಳಗೆ ತಲೆ ತಗ್ಗಿಸಿ ಹೊರಬಂದು ಶಾಲೆಗೆ ಬರುತ್ತಿದ್ದರು, ಪಾಠ ಹೇಳುತ್ತಿದ್ದರು. ಕಾಲನ್ನು ಮಾತ್ರ ಈಗಲೂ ಬದಿಗೆ ಮಡಚಿಕೊಂಡೇ ಕೂರುತ್ತಿದ್ದರು. ಇಂದ್ರಾಬಾಯಿ ಅವರ ತರಗತಿಯ ಕಡೆ ಹೋಗುವುದನ್ನೇ ಬಿಟ್ಟಿದ್ದಳು.

ಒಂದು ದಿನ ಶಾಲೆ ಬಿಟ್ಟ ಮೇಲೆ ಅವರೇ ಗೇಟಿನಲ್ಲಿ ಕಾದು ನಿಂತಿದ್ದರು.

“ಅಕ್ಕೋರ, ಬಾಗಲಾಗಿನ ಬೇವು ಇಳಿಸ್ತೀರೇನ್ರಿ? ಮನ್ಯಾಗಿನ ಹೆಂಗಸರ ಇಳಿಸಬೇಕಂತ.” ಅವರು ಬೇರೆ ಕಡೆ ನೋಡುತ್ತಿದ್ದರು. “ನೀವ ಅಂದಿದ್ರೆಲಾ, ಆಕಿ ಜವಾಬ್ದಾರಿ ನಿಮ್ದು ಅಂತ.”

ಅದು ಬೈಗುಳವೋ, ನಂಬಿಕೆಯೋ ಇಂದ್ರಾಬಾಯಿಗೆ ತಿಳಿಯಲಿಲ್ಲ. ತಿಳಿಯುವ ದನಿಯಲ್ಲಿ ಅವರು ಹೇಳಲೂ ಇಲ್ಲ. ಆಕೆ ಅವರ ಹಿಂದೆ ನಡೆದಳು. ಮಾಸ್ತರರು ಒಳಗಿಂದ ಸ್ಟೂಲು ತಂದಿಟ್ಟು, ತಾವು ದೂರ ಹೋಗಿ ಕಟ್ಟೆಯ ತುದಿಗೆ ಕೂತರು. ಇಂದ್ರಾಬಾಯಿ ಮೇಲೆ ಹತ್ತಿ ದಾರಕ್ಕೆ ಕೈ ಹಾಕಿದಳು. ಹೆಂಗಸರಾದರೆ ಒಂದೇ ಎಳೆತಕ್ಕೆ ಬಿಚ್ಚುವ ಹಾಗೆ ಸರಗಂಟು ಹಾಕಿರುತ್ತಿದ್ದರು, ಗುಣವಾದ ದಿನ ಇಳಿಸಬೇಕಲ್ಲ. ಕಟ್ಟಿ ಗೊತ್ತಿಲ್ಲದ ಆ ಮನುಷ್ಯ ಗಂಟಿನ ಮೇಲೆ ಗಂಟು ಬಿಗಿದಿದ್ದ. ಒಣಗಿದ ಎಲೆಗಳು ಉದುರಿ ಆಕೆಯ ತಲೆಯ ಮೇಲೆ, ಹೆಗಲ ಮೇಲೆ ಬೀಳುತ್ತಿದ್ದವು. ಕುಡುಗೋಲು ಕೊಡಲೇ ಎಂದು ಎದುರಿನ ಮನೆಯ ಹೆಂಗಸು ಕೇಳಿದಳು. ಇಂದ್ರಾಬಾಯಿ ಬೇಡ ಎಂದು ಕೈ ಆಡಿಸಿ, ಉಗುರಿನಿಂದಲೇ ಒಂದೊಂದು ಗಂಟು ಬಿಡಿಸುತ್ತ ಹೊತ್ತು ಮುಳುಗುವವರೆಗೂ ಅಲ್ಲಿಯೇ ನಿಂತಿದ್ದಳು.