ಟ್ಯಾಂಕಿಗೆ ಹಚ್ಚಿದ ಮಣ್ಣು

ಯೋಗಾನರಸಿಂಹ ಮೇಷ್ಟ್ರಿಗೆ ‘ಆಗೋಲ್ಲ’ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬರುತ್ತಿತ್ತು, ಅಲ್ಲಿಂದಾಚೆಗೆ ಎಂದೂ ಬಂದದ್ದಿಲ್ಲ. ಮಳವಳ್ಳಿಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದು ಅವರು ಕಲಿಸಿದ ಚಿತ್ರಕ್ಕಿಂತ ಬರೆದ ಬ್ಯಾನರುಗಳೇ ಹೆಚ್ಚು. ರಾಜ್ಯೋತ್ಸವಕ್ಕೆ ಭುವನೇಶ್ವರಿ, ಆಗಸ್ಟ್ ಹದಿನೈದಕ್ಕೆ ಕೆಂಪುಕೋಟೆ, ಯಾರೋ ಸಾಹೇಬರ ಬೀಳ್ಕೊಡುಗೆಗೆ ಥರ್ಮಾಕೋಲ್ ಅಕ್ಷರ, ಜೊತೆಯ ಮೇಷ್ಟ್ರುಗಳ ಮಕ್ಕಳಿಗೆ ಸೈನ್ಸ್ ಮಾಡೆಲ್ಲು, ಎಲ್ಲವೂ ಇವರ ತಲೆಗೇ. ಮಾಡಿಕೊಟ್ಟರೆ ಎಲ್ಲರೂ ಒಂದೇ ಮಾತು, ‘ಸೂಪರ್ ಸಾರ್’ ಅನ್ನುವುದು, ಮಾರನೆಯ ದಿನ ಅದು ಸ್ಟಾಫ್ ರೂಮಿನ ಬೀರುವಿನ ಮೇಲೆ ಧೂಳು ತಿನ್ನುವುದು. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ಅಷ್ಟನ್ನೂ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡು ಕಳೆದರೆ ಸಾಕು ಎನ್ನುವಷ್ಟು ಮನುಷ್ಯ ದಣಿದಿದ್ದರು.

ಅಂಥ ಹೊತ್ತಿನಲ್ಲೇ, ಮೇ ತಿಂಗಳ ಒಂದು ಸಂಜೆ, ದೀಪಿಕ ಒಂದು ರಟ್ಟಿನ ಡಬ್ಬ ಹಿಡಿದುಕೊಂಡು ಮನೆಗೆ ಬಂದಳು. ಬಂಡೂರಿನ ಹುಡುಗಿ, ಹದಿನೈದು ವರ್ಷದ ಹಿಂದೆ ಇವರ ಕೈಯಲ್ಲೇ ಓದಿದವಳು, ಈಗ ಮಂಡ್ಯದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಅವಳ ಅಪ್ಪ ಕರಿಯಪ್ಪನನ್ನೂ ಮೇಷ್ಟ್ರು ಬಲ್ಲರು. ಮಿಲಿಟರಿಯಲ್ಲಿ ಹದಿನೆಂಟು ವರ್ಷ ಟ್ಯಾಂಕು ಓಡಿಸಿ, ಊರಿಗೆ ಬಂದು ಕುರಿ ಸಾಕಿಕೊಂಡಿದ್ದವನು. ಸಂಕ್ರಾಂತಿಯ ಮಾರನೆಯ ಬೆಳಗ್ಗೆ ಕುರಿದೊಡ್ಡಿಯಲ್ಲಿ ಕುಸಿದು ಬಿದ್ದ. ಲಕ್ವ. ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಮಾತು ಪೂರ್ತಿ ಹೋಯಿತು. ಅವತ್ತಿನಿಂದ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾನೆ. ಯಾರೂ ನೋಡದಿದ್ದಾಗ ಮಾತ್ರ ಎಡಗೈಯಲ್ಲಿ ಉಣ್ಣುತ್ತಾನಂತೆ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ದೀಪಿಕಳಿಗೆ ಎರಡು ಸಂಗತಿ ಹೇಳಿದ್ದರು. ಅವನಿಗೆ ಚೆನ್ನಾಗಿ ಗೊತ್ತಿದ್ದ ವಸ್ತುಗಳನ್ನು ಕೈಗೆ ಕೊಡಬೇಕು, ಮಾತು ಅದರ ಬೆನ್ನು ಹಿಡಿದು ಬಂದರೂ ಬರಬಹುದು. ಎರಡನೆಯದು, ವರ್ಷದೊಳಗೆ ಬಾರದೆ ಇದ್ದದ್ದು ಆಮೇಲೆ ಬರುವುದು ಕಷ್ಟ. ಕುರಿಯ ಕೊರಳ ಗಂಟೆ ಕೊಟ್ಟಾಯಿತು, ಮಿಲಿಟರಿ ಟ್ರಂಕು ತೆಗೆದು ತೋರಿಸಿದ್ದಾಯಿತು. ಒಂದು ಸದ್ದಿಲ್ಲ. ಕೊನೆಗೆ ಫೋನಿನಲ್ಲಿ ಹುಡುಕಿ ಈ ಕಿಟ್ಟು ತರಿಸಿದಳು. ಅಪ್ಪ ಓಡಿಸಿದ ಜಾತಿಯದೇ ಟ್ಯಾಂಕು, ಪ್ಲಾಸ್ಟಿಕ್ಕಿನದು, ಬಿಡಿ ಬಿಡಿ ತುಂಡು, ಜೋಡಿಸಿ ಬಣ್ಣ ಹಚ್ಚಬೇಕು. ಎರಡು ಭಾನುವಾರ ಕೂತು ನೋಡಿದಳು, ಕೈಗೆಲ್ಲ ಅಂಟು ಮೆತ್ತಿಕೊಂಡಿತೇ ಹೊರತು ಟ್ಯಾಂಕಾಗಲಿಲ್ಲ.

“ನಮ್ಮಪ್ಪ ಒಂದೇ ಒಂದ್ ಮಾತಾಡ್ಲಿ ಸಾರ್,” ಎಂದಳು. “ನನ್ನನ್ನ ಬೈದ್ರೂ ಸರಿ.”

ಇದಕ್ಕೆ ‘ಆಗೋಲ್ಲ’ ಅನ್ನುವುದು ಹೇಗೆ? ಮೇಷ್ಟ್ರು ಡಬ್ಬ ಇಸಿದುಕೊಂಡರು. ಅವಳು ಗೇಟು ದಾಟುವ ಮೊದಲೇ ತಮ್ಮನ್ನು ತಾವೇ ಶಪಿಸಿಕೊಂಡರು.

ಡಬ್ಬದೊಳಗೆ ಪ್ಲಾಸ್ಟಿಕ್ಕಿನ ಚೌಕಟ್ಟುಗಳು, ಅವುಗಳಿಗೆ ಅಂಟಿಕೊಂಡ ಮುನ್ನೂರು ಚಿಲ್ಲರೆ ತುಂಡು. ಜೊತೆಗಿದ್ದ ಹಾಳೆಯಲ್ಲಿ ಅಕ್ಷರ ಯಾವ ದೇಶದ್ದೋ ಏನೋ, ಚಿತ್ರ ನೋಡಿಕೊಂಡೇ ಮಾಡಬೇಕು. ಒಂದೊಂದು ತುಂಡನ್ನೂ ಬ್ಲೇಡಿನಲ್ಲಿ ಕತ್ತರಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಚಿಮಟದಲ್ಲಿ ಹಿಡಿದು ಅಂಟಿಸಬೇಕು. ಮೇಷ್ಟ್ರ ಕಣ್ಣಿಗೆ ಕನ್ನಡಕ ಸಾಲದೆ ಅದರ ಮೇಲೊಂದು ಭೂತಗನ್ನಡಿ ಬಂತು. ಸ್ಕೂಲಿನಿಂದ ಬಂದು, ಕಾಫಿ ಕುಡಿದು, ಹಜಾರದ ಮೇಜಿನ ಮುಂದೆ ಕೂತರೆ ಅರ್ಧ ಗಂಟೆಗೆ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಹೆಂಡತಿ ಆಂಡಾಳ್, ಮನೆಯ ಮೇಲಿನ ಟ್ಯಾಂಕು ಎರಡು ವರ್ಷದಿಂದ ಸೋರುತ್ತಿದೆ, ಅದಕ್ಕಿಲ್ಲದ ಯೋಗ ಇದಕ್ಕೆ ಬಂತಲ್ಲ ಎಂದು ಕಾಫಿ ಲೋಟ ಕುಕ್ಕಿ ಹೋಗುತ್ತಿದ್ದರು.

ಜೂನ್ ಪೂರ್ತಿ ಗಾಲಿಗಳಿಗೇ ಹೋಯಿತು. ಆ ಕಡೆ ಆರು, ಈ ಕಡೆ ಆರು, ಒಂದೊಂದೂ ಜೋಡಿ ಗಾಲಿ. ಗಾಲಿಗಳನ್ನು ಸುತ್ತಿ ಬರುವ ಪಟ್ಟಿಯಂತೂ ಇಡಿಯಾಗಿ ಬಂದಿರಲಿಲ್ಲ, ಒಂದೊಂದು ಕಡೆಗೆ ತೊಂಬತ್ತಾರು ತುಂಡು. ಜುಲೈ ಪೂರ್ತಿ, ಆಗಸ್ಟಿನಲ್ಲಿ ಅರ್ಧ ಅದಕ್ಕೆ ಆಹುತಿ. ಒಂದು ದಿನ ಮುಂದಿನ ಲೈಟಿನ ತುಂಡು ಚಿಮಟದಿಂದ ಚಿಮ್ಮಿ ಎಲ್ಲಿ ಹೋಯಿತೋ, ಪೊರಕೆ ಹಿಡಿದು ಮನೆಯೆಲ್ಲ ಗುಡಿಸಿದರೂ ಸಿಗಲಿಲ್ಲ. ಆಂಡಾಳ್ ಅಡುಗೆಮನೆಯಿಂದ ಒಂದು ತೊಗರಿಬೇಳೆ ತಂದು ಮೇಜಿನ ಮೇಲಿಟ್ಟರು. ಅದಕ್ಕೆ ಬೆಳ್ಳಿ ಬಣ್ಣ ಹಚ್ಚಿದರೆ ಲೈಟು ಲೈಟಿನ ಹಾಗೇ ಕಂಡಿತು. ನಡುವೆ ಗಣೇಶನ ಮಂಟಪ, ಪ್ರತಿಭಾ ಕಾರಂಜಿಯ ಸ್ಟೇಜು, ಮತದಾರರ ಪಟ್ಟಿಯ ಡ್ಯೂಟಿ. ಎಷ್ಟೋ ಸಂಜೆ ಮೇಷ್ಟ್ರು ಕೈಯಲ್ಲಿ ತುಂಡು ಹಿಡಿದುಕೊಂಡೇ ತೂಕಡಿಸುತ್ತಿದ್ದರು.

ಹಾಗಿದ್ದೂ ಬಣ್ಣಕ್ಕೆ ಬಂದಾಗ ಏನೋ ಆಯಿತು. ಮೂವತ್ತೊಂದು ವರ್ಷದಲ್ಲಿ ಹೀಗೆ ಯಾರ ಅವಸರವೂ ಇಲ್ಲದೆ, ಮೈಕಿನವನು ಕೂಗದೆ, ಒಂದು ವಸ್ತುವಿಗೆ ಬಣ್ಣ ಹಚ್ಚಿದ್ದು ಅವರಿಗೆ ನೆನಪಿರಲಿಲ್ಲ. ಎಲೆಹಸಿರನ್ನು ನಾಲ್ಕು ಸಲ ಕಲಸಿದರು. ದೀಪಿಕ ಅಪ್ಪನ ಒಂದು ಹಳೆಯ ಫೋಟೋ ಕೊಟ್ಟಿದ್ದಳು, ರಾಜಸ್ಥಾನದ ಮರಳಿನಲ್ಲಿ ಟ್ಯಾಂಕಿನ ಪಕ್ಕ ನಿಂತ ಮೀಸೆಯ ಯುವಕ. ಫೋಟೋದ ಟ್ಯಾಂಕು ಎಣ್ಣೆ ಸ್ನಾನ ಮಾಡಿಸಿದ ಹಾಗೆ ಹೊಳೆಯುತ್ತಿತ್ತು. ಫೋಟೋಗೆಂದು ತೊಳೆದಿರಬೇಕು, ಮರಳಿನಲ್ಲಿ ಓಡುವ ಗಾಡಿ ಹೀಗಿರುತ್ತದೆಯೇ ಎಂದು ಮೇಷ್ಟ್ರು ತಾವೇ ತೀರ್ಮಾನಿಸಿಕೊಂಡರು. ಯೂಟ್ಯೂಬಿನಲ್ಲಿ ಹೊರದೇಶದವರು ಮಾಡುವುದನ್ನೂ ನೋಡಿದ್ದರು. ನಿಜವಾದ ಟ್ಯಾಂಕು ಅಂದರೆ ಕೊಳೆ, ತುಕ್ಕು, ಎಣ್ಣೆ ಕಲೆ.

ಸೆಪ್ಟೆಂಬರ್ ಪೂರ್ತಿ ಕೊಳೆ ಹಚ್ಚಿದರು. ಮಣ್ಣನ್ನು ಮಲ್ಲು ಬಟ್ಟೆಯಲ್ಲಿ ಎರಡು ಸಲ ಸೋಸಿ, ಹಳದಿ ಸೀಮೆಸುಣ್ಣ ಅರೆದು ಬೆರೆಸಿ, ಸೊನ್ನೆ ನಂಬರಿನ ಬ್ರಶ್ಶಿನಲ್ಲಿ ಗಾಲಿಯ ಸಂದುಸಂದಿಗೆ ಕೂರಿಸಿದರು. ಪಟ್ಟಿಗೆ ತುಕ್ಕು. ಡ್ರೈವರು ಹತ್ತಿ ಇಳಿಯುವ ಜಾಗದಲ್ಲಿ ಬೂಟಿನ ಗುರುತು. ಮೇಲೆ ವಾರ್ನಿಶ್ ಹೊಡೆದರೆ ಹೊಳಪು ಬಂದು ಮಣ್ಣು ಮಣ್ಣಿನ ಹಾಗೆ ಕಾಣುವುದಿಲ್ಲವೆಂದು ಹಾಗೇ ಬಿಟ್ಟರು. ಮುಗಿದ ದಿನ ಅದನ್ನು ಕಿಟಕಿಯ ಬೆಳಕಿಗಿಟ್ಟು ದೂರ ನಿಂತು ನೋಡಿದರು. ಚೆನ್ನಾಗಿತ್ತು. ತಾವು ಮಾಡಿದ್ದೊಂದು ಚೆನ್ನಾಗಿದೆ ಎಂದು ಅವರಿಗೆ ಅನ್ನಿಸಿ ಎಷ್ಟು ಕಾಲವಾಗಿತ್ತೋ. ಕರಿಯಪ್ಪ ಮಾತಾಡಲಿ ಎಂಬ ಆಸೆಯ ಪಕ್ಕದಲ್ಲಿ, ಇದನ್ನು ಒಬ್ಬ ಬಲ್ಲವನು ಕಣ್ಣಿಟ್ಟು ನೋಡಲಿ ಎಂಬ ಇನ್ನೊಂದು ಆಸೆಯೂ ಸದ್ದಿಲ್ಲದೆ ಬಂದು ಕೂತಿತ್ತು.

ಆಯುಧಪೂಜೆಯ ದಿನ ಸ್ಕೂಲಿಗೆ ರಜೆ, ದೀಪಿಕಳಿಗೂ ರಜೆ. ಮೇಷ್ಟ್ರು ಟ್ಯಾಂಕನ್ನು ದೊಡ್ಡ ಸ್ವೀಟ್ ಡಬ್ಬದಲ್ಲಿ ಹತ್ತಿಯ ನಡುವೆ ಇಟ್ಟುಕೊಂಡು ಬಸ್ಸು ಹತ್ತಿದರು. ಬಸ್ಸಿಗೂ ಬಾಳೆಕಂದು, ಚೆಂಡುಹೂವಿನ ಹಾರ. ಪಕ್ಕದವನೊಬ್ಬ ಬೂದುಗುಂಬಳಕಾಯಿಯನ್ನು ತಂದು ಡಬ್ಬದ ಮೇಲೇ ಇಡಹೊರಟ. ಅದನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಡಬ್ಬವನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡೇ ಬಂಡೂರು ತಲುಪಿದರು. ಕೈ ಜೋಮು ಹಿಡಿದಿತ್ತು.

ಊರಿನಲ್ಲಿ ಮನೆಮನೆಯ ಮುಂದೆ ಟ್ರ್ಯಾಕ್ಟರು, ಬೈಕು ತೊಳೆಯುತ್ತಿದ್ದರು. ಕರಿಯಪ್ಪನ ಹೆಂಡತಿ ದೇವಿರಮ್ಮ ಹಜಾರದ ನಡುವೆ ಮಣೆ ಹಾಕಿ ಕುಡುಗೋಲು, ಮಚ್ಚು, ಗುದ್ದಲಿಗಳನ್ನು ಜೋಡಿಸುತ್ತಿದ್ದರು. ಗೋಡೆಯ ಪಕ್ಕ ಮಂಚದ ಮೇಲೆ ಕರಿಯಪ್ಪ. ದೀಪಿಕ ಅವನನ್ನು ಎಬ್ಬಿಸಿ ದಿಂಬಿಗೆ ಒರಗಿಸಿ, ಮುಂದೆ ಸ್ಟೂಲು ಹಾಕಿದಳು. ಮೇಷ್ಟ್ರು ಡಬ್ಬ ತೆರೆದು ಟ್ಯಾಂಕನ್ನು ಎರಡೂ ಕೈಯಲ್ಲಿ ಎತ್ತಿ ಸ್ಟೂಲಿನ ಮೇಲಿಟ್ಟರು.

ಕರಿಯಪ್ಪನ ಕಣ್ಣು ಅಗಲವಾಯಿತು. ಎಡಗೈ ಮುಂದೆ ಬಂತು. ಆ ಕೈ ಗಾಲಿಯನ್ನು ಮುಟ್ಟಿತು, ಬೆರಳ ತುದಿಗೆ ಮೆತ್ತಿದ ಪುಡಿಯನ್ನು ಅವನು ಕಣ್ಣ ಹತ್ತಿರ ಹಿಡಿದು ನೋಡಿದ. ಅವನ ತುಟಿ ಬಿಗಿಯಾಯಿತು, ಕುತ್ತಿಗೆಯ ನರ ಉಬ್ಬಿತು. ಸ್ಟೂಲನ್ನು ಮೆಲ್ಲಗೆ ಆಚೆ ನೂಕಿ ಗೋಡೆಯ ಕಡೆಗೆ ತಿರುಗಿಬಿಟ್ಟ.

ದೀಪಿಕ “ಅಪ್ಪಾ” ಎಂದು ಎರಡು ಸಲ ಕರೆದಳು. ಆಮೇಲೆ ಕುರಿದೊಡ್ಡಿಯ ಕಡೆ ಹೊರಟುಹೋದಳು. ಅಳುವುದಕ್ಕೆ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

ಮೇಷ್ಟ್ರು ಜಗುಲಿಗೆ ಬಂದು ಕುಳಿತರು. ಐದು ತಿಂಗಳ ಕುತ್ತಿಗೆ ನೋವು, ಕಣ್ಣುರಿ, ನಿದ್ದೆಗೇಡು ಎಲ್ಲ ಒಟ್ಟಿಗೇ ಮೈಮೇಲೆ ಬಂದ ಹಾಗಾಯಿತು. ಹಿತ್ತಲಲ್ಲಿ ನೀರು ಹುಯ್ಯುವ ಸದ್ದು ಕೇಳುತ್ತಿತ್ತು. ಅವತ್ತು ಎಲ್ಲರ ಮನೆಯಲ್ಲೂ ಅದೇ ಸದ್ದು, ಅವರು ಲಕ್ಷ್ಯ ಕೊಡಲಿಲ್ಲ. ದೇವಿರಮ್ಮ ಕೊಟ್ಟು ಹೋಗಿದ್ದ ಕಾಫಿಯಲ್ಲಿ ಕೆನೆ ಕಟ್ಟಿತು. ಮುಂದಿನ ಬಸ್ಸು ಎಷ್ಟಕ್ಕೆ ಎಂದು ಕೇಳೋಣವೆಂದು ಒಳಗೆ ಹೋದರು.

ಮಣೆಯ ಮೇಲೆ, ಕುಡುಗೋಲು ಮಚ್ಚುಗಳ ನಡುವೆ ಅವರ ಟ್ಯಾಂಕು ಕೂತಿತ್ತು. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಣ್ಣಿಲ್ಲ, ತುಕ್ಕಿಲ್ಲ, ಬೂಟಿನ ಗುರುತಿಲ್ಲ. ಎರಡು ಕಡೆ ಹಸಿರು ಬಣ್ಣವೇ ಕಿತ್ತು ಬಂದಿತ್ತು. ಮೂರೆಳೆ ವಿಭೂತಿ, ನಡುವೆ ಕುಂಕುಮ, ಫಿರಂಗಿಯ ಬಾಯಿಗೊಂದು ಚೆಂಡುಹೂವು.

“ಅಬ್ಬದ್ ದಿನ ಗಾಡಿನ ಅಂಗೇ ಮಣ್ಣಲ್ಲಿ ಮಡಗಕಾಯ್ತದಾ ಮೇಷ್ಟ್ರೆ,” ಎಂದರು ದೇವಿರಮ್ಮ. ಕೈಯಲ್ಲಿ ತೆಂಗಿನ ನಾರು ಇನ್ನೂ ಇತ್ತು. “ಬಸ್ಸಲ್ಲಿ ತರೋವಾಗ ಧೂಳ್ ಕುಂತದೆ ಅಂತ ಸೋಪಾಕಿ ಉಜ್ಜಿವ್ನಿ ಕಣಿ. ಯಾಕೋ ಜಪ್ಪಯ್ಯ ಅಂದ್ರೂ ಬೇಗ ಬುಡ್ನಿಲ್ಲ.”

ಮೇಷ್ಟ್ರಿಗೆ ಕೋಪ ಬಂತು, ಆದರೆ ಅದನ್ನು ಎತ್ತಿ ಆಡುವಷ್ಟು ತ್ರಾಣ ಉಳಿದಿರಲಿಲ್ಲ. ಈ ಹೆಂಗಸಿಗೆ ಏನೆಂದು ಹೇಳುವುದು? ಅದು ಧೂಳಲ್ಲ ತಾಯಿ, ಇಡೀ ಸೆಪ್ಟೆಂಬರ್ ತಿಂಗಳು ಎನ್ನುವುದೇ? “ಪರವಾಗಿಲ್ಲ ಬಿಡಿ” ಎಂದು ಅವರ ಬಾಯಿ ತಾನಾಗಿ ಹೇಳಿತು. ಕಂಬಕ್ಕೆ ಒರಗಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಅತ್ತುಬಿಡುತ್ತೇನೇನೋ ಎಂದು ಭಯವಾಯಿತು.

ದೇವಿರಮ್ಮ ಮಂಗಳಾರತಿ ಎತ್ತಿ ಗಂಟೆ ಅಲ್ಲಾಡಿಸಿದಾಗ ಮಂಚ ಕಿರುಗುಟ್ಟಿತು. ಕರಿಯಪ್ಪ ಈ ಕಡೆಗೆ ಹೊರಳಿದ್ದ. ಗಂಟೆಯ ಸದ್ದಿಗೆ ದೊಡ್ಡಿಯಿಂದ ಬಂದಿದ್ದ ದೀಪಿಕ ಬಾಗಿಲಲ್ಲೇ ನಿಂತಳು. ಅವನು ಎಡಗೈ ಚಾಚಿ ಮಣೆಯನ್ನು ತೋರಿಸಿದ. ಅವಳು ಮಚ್ಚು ಮುಟ್ಟಿ ನೋಡಿದಳು, ಕುಡುಗೋಲು ಎತ್ತಿದಳು, ಅವನು ಅಲ್ಲವೆಂದು ತಲೆಯಾಡಿಸಿದ. ಟ್ಯಾಂಕನ್ನು ತಂದು ಅವನ ತೊಡೆಯ ಮೇಲಿಟ್ಟಳು.

ಕರಿಯಪ್ಪ ಮೊದಲು ಫಿರಂಗಿಯ ಹೂವು ತೆಗೆದು ದಿಂಬಿನ ಮೇಲಿಟ್ಟ. ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಹಿಡಿದು ಮುಂದಿನ ಗಾಲಿಯನ್ನು ಒರೆಸಿದ. ಗಂಟಲಲ್ಲಿ ಏನೋ ಉರುಳಿತು.

“ಏಕ್.”

ದೇವಿರಮ್ಮ ಆರತಿ ತಟ್ಟೆಯನ್ನು ಮಣೆಯ ಮೇಲಿಟ್ಟುಬಿಟ್ಟರು. ಅವನು ತಲೆ ಎತ್ತಲಿಲ್ಲ. ಎರಡನೆಯ ಗಾಲಿ ಒರೆಸಿ “ದೋ” ಎಂದ. “ತೀನ್.” ಗಾಲಿ ಒರೆಸುವುದು, ಎಣಿಸುವುದು, ಹದಿನೆಂಟು ವರ್ಷ ದಿನಾ ಸಂಜೆ ಮಾಡಿದ ಕೆಲಸ. ಕೈ ಅದನ್ನು ಮರೆತಿರಲಿಲ್ಲ, ಕೈಯ ಹಿಂದೆ ಮಾತೂ ಬಂತು. ಆರರವರೆಗೆ ಎಣಿಸಿ, ಟ್ಯಾಂಕನ್ನು ತಿರುಗಿಸಿಕೊಂಡು ಆ ಕಡೆಯ ಗಾಲಿಗಳಿಗೆ ಹೋದ. ದೀಪಿಕ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಜರುಗಿದಳು.

ಮೇಷ್ಟ್ರಿಗೆ ಆಗ ಅರ್ಥವಾಯಿತು. ಅವರು ಒಬ್ಬ ಟ್ಯಾಂಕ್ ಡ್ರೈವರನ ಮುಂದೆ ಅವನ ಗಾಡಿಯನ್ನು ಕೊಳೆ ಮಾಡಿ ತಂದಿಟ್ಟಿದ್ದರು. ಮೈಗೆ ಬಟ್ಟೆಯಿಲ್ಲದೆ ನಾಲ್ಕು ಜನರೆದುರು ನಿಲ್ಲಿಸಿದ ಹಾಗೆ ಅವನಿಗೆ ನಾಚಿಕೆಯಾಗಿತ್ತು.

ಆ ಕಡೆಯ ನಾಲ್ಕನೆಯ ಗಾಲಿಗೆ ಎಣಿಕೆ ನಿಂತಿತು. ಕರಿಯಪ್ಪ ಟ್ಯಾಂಕನ್ನು ಬೆಳಕಿಗೆ ಹಿಡಿದು ಗಾಲಿಯ ಹಿಂದೆ ಇಣುಕಿದ. ದೇವಿರಮ್ಮನ ನಾರು ಹೋಗದ ಸಂದಿನಲ್ಲಿ ಒಂದಿಷ್ಟು ಮಣ್ಣು ಉಳಿದಿತ್ತು. ಅವನ ಹುಬ್ಬು ಗಂಟಿಕ್ಕಿತು. ಇದನ್ನು ಮಾಡಿದವರು ಯಾರು ಎನ್ನುವಂತೆ ಎಲ್ಲರ ಮುಖ ನೋಡಿದ. ದೇವಿರಮ್ಮ ಮೇಷ್ಟ್ರ ಕಡೆ ಕೈ ತೋರಿಸಿದರು.

ಕರಿಯಪ್ಪ ಟ್ಯಾಂಕನ್ನು ಮೇಷ್ಟ್ರ ಕಡೆಗೆ ಚಾಚಿದ. ಹೆಬ್ಬೆರಳು ಆ ಮಣ್ಣಿನ ಮೇಲೇ ಇತ್ತು.

“ಗಲೀಜು,” ಎಂದ.

ನಾಲಿಗೆ ತೊದಲಿತು, ಆದರೂ ಬೈಗುಳ ಬೈಗುಳವಾಗಿಯೇ ಬಂತು. ಮೇಷ್ಟ್ರು ಎದ್ದು ಹೋಗಿ ಟ್ಯಾಂಕನ್ನು ಇಸಿದುಕೊಂಡರು. ಅವನು ಹೆಗಲ ಟವೆಲ್ಲನ್ನು ಎಳೆದು ಅವರ ತೋಳಿನ ಮೇಲೆ ಹಾಕಿದ. ಮೂವತ್ತೊಂದು ವರ್ಷ ಅವರು ಮಾಡಿದ್ದನ್ನೆಲ್ಲ ಜನ ಸೂಪರ್ ಅಂದಿದ್ದರು. ಗಾಲಿಯ ಹಿಂದೆ ಇಣುಕಿ ನೋಡಿ ತಪ್ಪು ಹಿಡಿದವನು ಇವನೊಬ್ಬನೇ. ಮೇಷ್ಟ್ರ ಕಣ್ಣಿನಲ್ಲಿ ನೀರು ಬಂದೇಬಂತು, ಸಂಕಟಕ್ಕೋ ಸಮಾಧಾನಕ್ಕೋ ಅವರಿಗೇ ಬಗೆಹರಿಯಲಿಲ್ಲ.

ಮಂಚದ ಅಂಚಿನಲ್ಲಿ ಕುಳಿತು, ಟವೆಲ್ಲಿನ ಒದ್ದೆ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ತಾವೇ ಕೂರಿಸಿದ್ದ ಮಣ್ಣನ್ನು ಉಜ್ಜತೊಡಗಿದರು. ಅದು ಸುಲಭಕ್ಕೆ ಬಿಡಲಿಲ್ಲ. ಕರಿಯಪ್ಪ ಬಗ್ಗಿ ನೋಡುತ್ತಲೇ ಇದ್ದ. ಎರಡು ಸಲ ಸಾಲದೆಂದು ತಲೆಯಾಡಿಸಿದ. ಮೂರನೆಯ ಸಲ ಗಾಲಿಯ ಹಿಂದೆ ಬೆರಳಾಡಿಸಿ ನೋಡಿ “ಚಾರ್” ಎಂದ, ಮುಂದಿನ ಗಾಲಿಯನ್ನು ತೋರಿಸಿದ.