ಹಾಜರಾಬಿ ಸುತ್ತಿದ ಮೋಟರು

೧೯೯೮ರಲ್ಲಿ ಧಾರವಾಡದ ಮಾಳಮಡ್ಡಿಯ ನಾಗರತ್ನಾ ಎಂಬಿಎ ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಹುಬ್ಬಳ್ಳಿಯ ಪಂಪ್‌ಸೆಟ್ ಕಾರ್ಖಾನೆಯೊಂದಕ್ಕೆ ಹೋದಳು. ನೌಕರರಿಗೆ ಕೆಲಸದ ಹುರುಪು ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ಎರಡು ಸಿದ್ಧಾಂತಗಳನ್ನು ಹೋಲಿಸುವುದು ಅವಳ ವಿಷಯ. ಮನುಷ್ಯನ ಅಗತ್ಯಗಳು ಮೆಟ್ಟಿಲುಗಳಂತೆ, ಹೊಟ್ಟೆ ತುಂಬಿ ನಾಳೆಯ ಭಯ ಹೋದ ಮೇಲೆಯೇ ಗೌರವದ ಹಂಬಲ ಹುಟ್ಟುತ್ತದೆ ಎನ್ನುತ್ತಿತ್ತು ಒಂದು. ಸಂಬಳ, ಸವಲತ್ತು ಗೊಣಗಾಟವನ್ನಷ್ಟೇ ನಿಲ್ಲಿಸುತ್ತವೆ, ಹುರುಪು ಬರುವುದು ಕೆಲಸದಿಂದಲೇ ಎನ್ನುತ್ತಿತ್ತು ಇನ್ನೊಂದು.

ಮಾಲೀಕ ರಾಜಶೇಖರ ನಕ್ಕರು. "ಸಿದ್ಧಾಂತ ಇರಲಿ ತಂಗಿ. ಮೋಟರ್ ಸುಟ್ಟು ವಾಪಸ್ ಬರಾಕತ್ತಾವು. ಅದಕ್ಕ ಔಷಧ ಹೇಳು."

ಆ ಬೇಸಿಗೆಯಲ್ಲೇ ಅವರು ಫ್ಯಾನು ಹಾಕಿಸಿ, ಸಂಬಳವನ್ನೂ ಏರಿಸಿದ್ದರು. ಗೊಣಗಾಟ ನಿಂತಿತ್ತು. ಮೋಟರುಗಳು ವಾಪಸು ಬರುವುದು ನಿಂತಿರಲಿಲ್ಲ.

ಮೋಟರಿಗೆ ತಾಮ್ರದ ತಂತಿ ಸುತ್ತುವ ವಿಭಾಗದಲ್ಲಿ ಎಂಟು ಹೆಂಗಸರಿದ್ದರು. ಹಿರಿಯಳು ಹಾಜರಾಬಿ, ಹನ್ನೊಂದು ವರ್ಷದಿಂದ ಅದೇ ಬೆಂಚು. ನಾಗರತ್ನಾ ತನ್ನ ಪ್ರಶ್ನಾವಳಿ ತೆರೆದು ಕೇಳಿದಳು: "ಕೆಲಸ ನಿಮಗ ತೃಪ್ತಿ ಕೊಡತೈತೇನ್ರಿ?"

"ಸುತ್ತತೇನಿ, ಕೊಡತೇನಿ. ಅದು ತಿರಗತೈತೋ ಇಲ್ಲೋ, ಒಮ್ಮೆನೂ ಕಂಡಿಲ್ಲವ್ವಾ," ಎಂದಳು ಹಾಜರಾಬಿ.

ಆ ಉತ್ತರ ಪ್ರಶ್ನಾವಳಿಯ ಯಾವ ಚೌಕದಲ್ಲೂ ಕೂರಲಿಲ್ಲ. ನಾಗರತ್ನಾ ಮಾಲೀಕರನ್ನು ಕಾಡಿ ಬೇಡಿ, ದುರಸ್ತಿಯ ಜೀಪಿನಲ್ಲಿ ಹಾಜರಾಬಿಯನ್ನು ಶಿರಗುಪ್ಪಿಗೆ ಕರೆದೊಯ್ದಳು. ಅಲ್ಲಿ ಬೀರಪ್ಪ ಎಂಬ ರೈತನ ಮೆಣಸಿನಕಾಯಿ ಹೊಲದಲ್ಲಿ ಮೋಟರು ಸುಟ್ಟಿತ್ತು. ಮೆಕ್ಯಾನಿಕ್ ಬಿಚ್ಚಿದ ಕೂಡಲೇ ಹಾಜರಾಬಿ ಕರಕಾದ ತಂತಿಯನ್ನು ಬೆರಳಿಂದ ಸವರಿ ನೋಡಿದಳು.

"ತಂತಿಗೆ ಕಬ್ಬಿಣ ತಾಗಬಾರದಂತ ಒಳಗ ಇಟ್ಟ ಕಾಗದ ಸರದೈತಿ. ತಂತಿ ಅಂಚಿಗೆ ತಿಕ್ಕೈತಿ," ಎಂದವಳೇ ಬೀರಪ್ಪನತ್ತ ತಿರುಗಿದಳು. "ತಪ್ಪು ನಮ್ಮದರಿ ಕಾಕಾ."

ಮೋಟರನ್ನು ಹುಬ್ಬಳ್ಳಿಗೆ ತಂದು ತಾನೇ ಸುತ್ತಿದಳು. ಮೂರನೆಯ ದಿನ ಅದನ್ನು ಮತ್ತೆ ಹೊಲದಲ್ಲಿ ಜೋಡಿಸುವಾಗಲೂ ಹೋದಳು. ಬೀರಪ್ಪ ಸ್ವಿಚ್ಚು ಒತ್ತಿದ. ನೀರು ಧುಮುಕಿತು. ಹಾಜರಾಬಿ ಬಳೆ ಹಿಂದೆ ಸರಿಸಿ, ಆ ನೀರಿಗೆ ಕೈಯೊಡ್ಡಿ ಬಹಳ ಹೊತ್ತು ನಿಂತಳು.

ಮರುದಿನ ಬೆಳಿಗ್ಗೆ ನೇರ ಮಾಲೀಕರ ಕೋಣೆಗೆ ಹೋದಳು. "ಸಾಹೇಬ್ರ, ನಾವು ಸುತ್ತಿದ ಮೋಟರ್ ನಾವ ಓಡಿಸಿ ನೋಡತೇವಿ. ಪಾಸಾದ್ರ ಸುತ್ತಿದಾಕಿ ಹೆಸರು ಅದರ ಮ್ಯಾಲ ಬರೀರಿ."

"ಆಮ್ಯಾಲ ಕೆಟ್ಟರ?"

"ಕೆಟ್ಟರೂ ಹೆಸರು ಇರತೈತಲ್ರಿ."

ರಾಜಶೇಖರ ಒಪ್ಪಿದರು. ದೀಪಾವಳಿಯ ಹೊತ್ತಿಗೆ ವಾಪಸು ಬರುವ ಮೋಟರುಗಳು ಅರ್ಧಕ್ಕಿಂತ ಕಡಿಮೆಯಾದವು.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕೇಳಿದರು: "ಹಂಗಾರ ಎರಡನೇ ಸಿದ್ಧಾಂತನ ಗೆದ್ದಂಗಾತು?"

"ಪೂರ್ತಿ ಅಲ್ರಿ ಸರ್," ಎಂದಳು ನಾಗರತ್ನಾ. "ಫ್ಯಾನ್ ಬರೂತನಕ ಅವರ ಬಾಯಾಗ ಸೆಕಿ ಬಿಟ್ಟು ಬ್ಯಾರೆ ಮಾತ ಇರಲಿಲ್ಲಂತ. ಮೆಟ್ಟಿಲಿನ ಮಾತೂ ಖರೇ ಐತಿ. ಆದ್ರ ನಾವು ಕೆಳಗಿನ ಮೆಟ್ಟಿಲು ಕಟ್ಟಿ, ಮುಗೀತಂತ ಕುಂತುಬಿಡತೇವ್ರಿ."

ಪರೀಕ್ಷಕರು ಪೆನ್ನು ಕೆಳಗಿಟ್ಟು, ಹಾಜರಾಬಿಯ ಬಗ್ಗೆ ಮತ್ತಷ್ಟು ಹೇಳಲು ಹೇಳಿದರು.

೨೦೦೪ರ ಹೊತ್ತಿಗೆ ಹಾಜರಾಬಿ ಇಪ್ಪತ್ತು ಜನರ ವಿಭಾಗಕ್ಕೆ ಮುಖ್ಯಸ್ಥೆ. ನಾಗರತ್ನಾ ವಿದ್ಯಾನಗರದ ಕಾಲೇಜೊಂದರಲ್ಲಿ ಉಪನ್ಯಾಸಕಿ. ಆ ವರ್ಷ ತನ್ನ ತರಗತಿಗೆ ಹಾಜರಾಬಿಯನ್ನೇ ಅತಿಥಿಯಾಗಿ ಕರೆಸಿದಳು. ಹಾಜರಾಬಿ ಮೈಕು ಮುಟ್ಟಲಿಲ್ಲ. "ಎಲ್ಲಾರೂ ಮುಂದ ಬರ್ರಿ," ಎಂದು ಕರೆದು, ಮೇಜಿನ ಮೇಲೆ ಮೋಟರು ಬಿಚ್ಚಿಟ್ಟು ಪಾಠ ಶುರುಮಾಡಿದಳು. ನಾಗರತ್ನಾ ಹಿಂದಿನ ಬೆಂಚಿನಲ್ಲಿ ಕುಳಿತು, ಹೆಮ್ಮೆಯಿಂದ ಎದೆಯುಬ್ಬಿಸಿ ಕೇಳಿದಳು.